ಫೆರಿಯ ನಕ್ಷೆಗೆ ಮೊದಲು ವೇಗದ ಲೆಕ್ಕ

ಗೋವಾದ ವಾಸ್ಕೋದಲ್ಲಿ ಕೂತು ಫೆರಿ, ಬಾರ್ಜ್‌ಗಳ ನಕ್ಷೆ ಮಾಡುವುದು ನನ್ನ ಕೆಲಸ. ಪರಿಸರದ ವಿಚಾರವನ್ನು ಕೊನೆಗೆ ತಳ್ಳಿದರೆ ಒಂದು ಟ್ಯಾಂಕ್, ಒಂದು ಫಿಲ್ಟರ್ ಸೇರಿಸಬಹುದು, ಅಷ್ಟೇ. ಅದಕ್ಕೇ ಮಾಂಡವಿ ನದಿಯ ಪ್ರಯಾಣಿಕರ ಫೆರಿಯೊಂದಕ್ಕೆ ನಾನು ಮೊದಲು ಹಿಡಿದದ್ದು ವೇಗವನ್ನು.

ಮಾಲೀಕರು ಕಾರವಾರದವರು. 12 ನಾಟ್, ಅಂದರೆ ಗಂಟೆಗೆ 12 ನಾಟಿಕಲ್ ಮೈಲಿ (ಸುಮಾರು 22 ಕಿ.ಮೀ.) ವೇಗ ಬೇಕು ಎಂದರು. ನೀರಿನ ಮಟ್ಟದಲ್ಲಿ 24 ಮೀಟರ್ ಉದ್ದದ ಫೆರಿ ಆ ವೇಗಕ್ಕೆ ಬಂದಾಗ ಅದೆಬ್ಬಿಸುವ ಅಲೆಯೂ ಹೆಚ್ಚುಕಡಿಮೆ ಅಷ್ಟೇ ಉದ್ದವಾಗುತ್ತದೆ. ಎಂಜಿನ್ ಸುಮ್ನೆ ಅಲೆ ಎಬ್ಬಿಸುವುದಕ್ಕೇ ದುಡಿಯುತ್ತದೆ. ಆ ಅಲೆ ಬಡಿಯುವುದು ದಡದ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡಕ್ಕೆ, ಉಪ್ಪುನೀರನ್ನು ಒಡ್ಡು ಕಟ್ಟಿ ತಡೆದು ಮಾಡಿದ ಖಾಜನ್ ಗದ್ದೆಗಳ ಮಣ್ಣಿನ ಒಡ್ಡಿಗೆ. ಒಡ್ಡು ಒಡೆದರೆ ಗದ್ದೆಗೆ ಉಪ್ಪುನೀರು.

"10 ನಾಟ್ ಸಾಕಲ್ವಾ ಸರ್?"

"ಜನ ಕಾಯ್ಬೇಕಲ್ಲ ಮಾರಾಯ್ರೆ!"

ಲೆಕ್ಕ ಬರೆದು ತೋರಿಸಿದೆ. ಐದು ನಾಟಿಕಲ್ ಮೈಲಿಗೆ 12 ನಾಟ್‌ನಲ್ಲಿ 25 ನಿಮಿಷ, 10ರಲ್ಲಿ 30. ಬೇಕಾಗುವ ಶಕ್ತಿ ವೇಗದ ಘನದಂತೆ ಏರುತ್ತದೆ ಎಂದು ಹಿಡಿದರೆ, ಶಕ್ತಿ ಶೇ. 42ರಷ್ಟು ಕಡಿಮೆ, ಒಂದು ಟ್ರಿಪ್ಪಿನ ಡೀಸೆಲ್ ಸುಮಾರು ಶೇ. 30 ಕಡಿಮೆ. ಒಡ್ಡಿನ ಮಾತಿಗೆ ತಲೆಯಾಡಿಸಿ ಸುಮ್ಮನಿದ್ದವರು ಡೀಸೆಲ್ ಎಂದ ಕೂಡಲೇ ಕ್ಯಾಲ್ಕುಲೇಟರ್ ತೆಗೆದರು. ಇರಲಿ, ಒಪ್ಪಿದರಲ್ಲ! ದೊಡ್ಡ ಹಡಗುಗಳಿಗಾದರೆ 2013ರಿಂದ ಇಇಡಿಐ ಎಂಬ ಇಂಧನ ದಕ್ಷತೆಯ ಅಂತರರಾಷ್ಟ್ರೀಯ ಸೂಚ್ಯಂಕವಿದೆ, ಇಂಗಾಲದ ಲೆಕ್ಕವನ್ನು ವಿನ್ಯಾಸದಲ್ಲೇ ತೋರಿಸಬೇಕು. ಇಂಥ ಸಣ್ಣ ಫೆರಿಗೆ ಆ ನಿಯಮ ತಾಗುವುದಿಲ್ಲ, ಮಾಲೀಕರನ್ನು ಒಪ್ಪಿಸಿಯೇ ಮಾಡಬೇಕು.

ವೇಗ ಇಳಿದದ್ದೇ ತಡ, ಉಳಿದ ಕೆಲಸ ಹಗುರವಾಯಿತು. ಎಂಜಿನ್ ಚಿಕ್ಕದು, ಡೀಸೆಲ್ ಟ್ಯಾಂಕ್ ಚಿಕ್ಕದು. ಉಳಿದ ಜಾಗದಲ್ಲಿ, ತಳಕ್ಕೆ ಹತ್ತಿರ, ಶೌಚಾಲಯದ ಕೊಳೆನೀರಿಗೆ ಒಂದು ಘನ ಮೀಟರ್ ಟ್ಯಾಂಕ್ ಕೂರಿಸಿದೆ. ತುಂಬಿದರೆ ಅದು ಸುಮಾರು ಒಂದು ಟನ್. ನಕ್ಷೆ ಮುಗಿದ ಮೇಲೆ ನೆನಪಾಗಿದ್ದರೆ ಅದು ಡೆಕ್ ಮೇಲೆ ಕೂರಬೇಕಿತ್ತು. ಭಾರ ಮೇಲಕ್ಕೆ ಹೋದರೆ ಸ್ಥಿರತೆಯ ಲೆಕ್ಕವನ್ನೆಲ್ಲ ಮತ್ತೆ ಮಾಡಬೇಕು. ಎಂಜಿನ್ ಕೆಳಗೆ ಅಂಚೆತ್ತಿದ ಸ್ಟೀಲ್ ತಟ್ಟೆ ಇಟ್ಟೆ. ಸೋರಿದ ಎಣ್ಣೆ ಅಲ್ಲೇ ನಿಲ್ಲುತ್ತದೆ, ಫೆರಿಯ ತಳದಲ್ಲಿ ಸೇರುವ ಬಿಲ್ಜ್ ನೀರಿಗೆ ಬೆರೆಯುವುದಿಲ್ಲ. ಖರ್ಚು ಏನೂ ಜಾಸ್ತಿ ಅಲ್ಲ. ಆದರೆ ತಟ್ಟೆಯನ್ನು ಹೊರಗೆಳೆದು ಒರೆಸಲು ಕೈ ಹೋಗುವಷ್ಟು ಜಾಗ ಬೇಕು, ಅದನ್ನು ಎಂಜಿನ್ ಕೂರುವ ಪೀಠವನ್ನು ನಕ್ಷೆಯಲ್ಲಿ ಬರೆಯುವಾಗಲೇ ಬಿಟ್ಟಿರಬೇಕು.

ಪಾಚಿ, ಚಿಪ್ಪುಜೀವಿಗಳು ಅಂಟದಂತೆ ತಳಕ್ಕೆ ಬಳಿಯುವ ಬಣ್ಣದ ವಿಷಯ ಚಿಕ್ಕದು. ತವರದ ವಿಷಕಾರಿ ಸಾವಯವ ಸಂಯುಕ್ತ ಬೆರೆಸಿದ ಬಣ್ಣಕ್ಕೆ 2008ರಿಂದ, ಸೈಬುಟ್ರಿನ್ ಎಂಬ ಪಾಚಿನಾಶಕ ಇರುವುದಕ್ಕೆ 2023ರಿಂದ ಅಂತರರಾಷ್ಟ್ರೀಯ ನಿಷೇಧವಿದೆ. ಎರಡೂ ಇಲ್ಲ ಎಂಬ ಪತ್ರ ತಂದರೆ ಮಾತ್ರ ಬಣ್ಣ ತೆಗೆದುಕೊಳ್ಳಿ ಎಂದು ಫೆರಿ ಕಟ್ಟುವ ಯಾರ್ಡಿಗೆ ಬರೆದುಕೊಟ್ಟೆ.