ಪಳೆಯುಳಿಕೆ ಆರಿಸೋದು ಹೇಗೆ: ಮೊದಲು ಚೀಟಿ, ಆಮೇಲೆ ಸುತ್ತಿಗೆ

ನಾನು ಬಟ್ಟೆ ಹೊಲಿಯುವವಳು. ಬಟ್ಟೆ ಕೈಗೆ ಬಂದ ತಕ್ಷಣ ನಾವು ಕತ್ತರಿ ಹಿಡಿಯೋದಿಲ್ಲ, ಚೀಟಿ ಬರೆದು ಗುಂಡುಸೂಜಿ ಚುಚ್ಚುತ್ತೇವೆ. ಯಾರದು, ಏನು ಅಳತೆ, ಯಾವತ್ತಿಗೆ ಬೇಕು. ಇಪ್ಪತ್ತು ವರ್ಷ ಇದನ್ನು ಒಂದು ದಿನವೂ ತಪ್ಪಿಸದವಳು, ಕಲ್ಲಿನ ವಿಷಯಕ್ಕೆ ಬಂದಾಗ ಪೂರ್ತಿ ಮರೆತೆ.

ಮೂರು ವರ್ಷ ಮೂರು ಕ್ವಾರಿ ಸುತ್ತಿ 41 ಕಲ್ಲು ಕೂಡಿಹಾಕಿದ್ದೆ. ಚಿಪ್ಪು, ಸುರುಳಿ, ಹವಳದ ತುಂಡು, ಎಲ್ಲ ಒಂದೇ ಚಪ್ಪಲಿ ಡಬ್ಬಿಯಲ್ಲಿ. ಭೂವಿಜ್ಞಾನ ಪಾಠ ಮಾಡುವ ಮೇಷ್ಟ್ರೊಬ್ಬರಿಗೆ ಹೆಮ್ಮೆಯಿಂದ ತೋರಿಸಿದೆ. ಅವರು ಒಂದು ಸುರುಳಿಯನ್ನು ಲೆನ್ಸಿನಲ್ಲಿ ತುಂಬಾ ಹೊತ್ತು ನೋಡಿದರು. "ಎಲ್ಲಿ ಸಿಕ್ತಮ್ಮಾ ಇದು?" ಅಂದರು. "ಆ ಮೂರು ಕ್ವಾರೀಲಿ ಯಾವುದೋ ಒಂದು ಸಾರ್" ಅಂದೆ. "ಯಾವ ಪದರ?" ನಾನು ಸುಮ್ಮನಿದ್ದೆ. ಅವರು ಕಲ್ಲನ್ನು ಮೆಲ್ಲಗೆ ಡಬ್ಬಿಗೆ ವಾಪಸ್ ಇಟ್ಟು, "ಹಾಗಾದ್ರೆ ಇದು ಚೆಂದದ ಕಲ್ಲು, ಅಷ್ಟೇ" ಅಂದರು. ಬೈದಿದ್ದರೆ ಇಷ್ಟು ನಾಟುತ್ತಿರಲಿಲ್ಲ.

ನೀವು ಹಾಗೆ ಮಾಡಬೇಡಿ. ಹೇಗೆ ಮಾಡಬೇಕು ಅಂತ ಹೇಳುತ್ತೇನೆ.

ಪಳೆಯುಳಿಕೆ ಎಲ್ಲ ಕಲ್ಲಿನಲ್ಲೂ ಇರೋದಿಲ್ಲ. ಗ್ರಾನೈಟ್, ಬಸಾಲ್ಟ್ ಕರಗಿದ ಶಿಲಾರಸ ಆರಿ ಆದ ಕಲ್ಲುಗಳು. ಅಲ್ಲಿ ಹುಡುಕಿ ಮಂಡಿ ಸವೆಸಬೇಡಿ. ಬೇಕಾದ್ದು ಕೆಸರು, ಮರಳು, ಸುಣ್ಣ ಪದರಪದರವಾಗಿ ಕೂತು ಗಟ್ಟಿಯಾದ ಕಲ್ಲು. ಅಂದರೆ ಸುಣ್ಣಕಲ್ಲು, ಮರಳುಗಲ್ಲು, ಹಾಳೆ ಹಾಳೆಯಾಗಿ ಬಿಚ್ಚಿಕೊಳ್ಳುವ ಶೇಲ್. ಸತ್ತ ಪ್ರಾಣಿ ಕೊಳೆತು ಚದುರುವ ಮೊದಲೇ ಹೂತುಹೋದರೆ ಅದು ಉಳಿಯುವ ಸಾಧ್ಯತೆ ಜಾಸ್ತಿ. ಸಮುದ್ರದ ತಳದಲ್ಲಿ ಕೆಸರು ಬೀಳುತ್ತಲೇ ಇರುತ್ತದೆ, ಅಲ್ಲಿನ ಜೀವಿಗಳಿಗೆ ಚಿಪ್ಪೂ ಇರುತ್ತದೆ. ಅದಕ್ಕೇ ಆರಿಸುವವರ ಚೀಲದಲ್ಲಿ ಡೈನೋಸಾರ್‌ಗಿಂತ ಕಪ್ಪೆಚಿಪ್ಪಿನ ನೆಂಟರೇ ಜಾಸ್ತಿ. ಭೂವೈಜ್ಞಾನಿಕ ನಕ್ಷೆ ಸಿಕ್ಕರೆ ಮೊದಲು ಅದನ್ನು ನೋಡಿ. ಯಾವ ಕಲ್ಲು ಎಲ್ಲಿ ನೆಲದ ಮೇಲೆ ಬಂದಿದೆ, ಅದರ ವಯಸ್ಸೆಷ್ಟು ಅಂತ ಬಣ್ಣದಲ್ಲಿ ತೋರಿಸಿರುತ್ತಾರೆ. ಹಳೆ ಕ್ವಾರಿ, ರಸ್ತೆಗೆ ಕಡಿದ ಗುಡ್ಡ, ಹೊಳೆ ಕೊರೆದ ದಡ, ಕಡಲಂಚಿನ ಬಂಡೆ, ಇವು ಒಳ್ಳೆಯ ಜಾಗಗಳು.

ಅನುಮತಿ ಕೇಳಲೇಬೇಕು. ಜಾಗದ ಒಡೆಯರನ್ನೂ ಕೇಳಿ, ಕಾನೂನನ್ನೂ ತಿಳಿದುಕೊಳ್ಳಿ. ದೇಶದಿಂದ ದೇಶಕ್ಕೆ ನಿಯಮ ಬೇರೆ. ಅಮೆರಿಕದ ಸಾರ್ವಜನಿಕ ಭೂಮಿಯಲ್ಲಿ ಎಷ್ಟೋ ಕಡೆ ಸಾಮಾನ್ಯ ಚಿಪ್ಪು, ಎಲೆಗಳ ಪಳೆಯುಳಿಕೆಯನ್ನು ಸ್ವಂತಕ್ಕೆ ಅಂತ ಸ್ವಲ್ಪ ತೆಗೆದುಕೊಳ್ಳಬಹುದು. ಬೆನ್ನೆಲುಬಿನ ಪ್ರಾಣಿಯ ಮೂಳೆ, ಹಲ್ಲಿಗೆ ಪರವಾನಗಿ ಬೇಕು. ರಾಷ್ಟ್ರೀಯ ಉದ್ಯಾನದಲ್ಲಿ ಯಾವುದನ್ನೂ ಎತ್ತುವಂತಿಲ್ಲ.

ಇನ್ನು ಜೀವದ ಮಾತು. ಇಂಗ್ಲೆಂಡಿನ ಲೈಮ್ ರೀಜಿಸ್ ಕಡಲತೀರದಲ್ಲಿ ಪಳೆಯುಳಿಕೆ ಆರಿಸಿ ಮಾರುತ್ತಿದ್ದ ಮೇರಿ ಆ್ಯನಿಂಗ್ ಹೆಸರು ಕೇಳಿರಬಹುದು. 1811ರಲ್ಲಿ ಅವಳ ಅಣ್ಣನಿಗೆ ಇಕ್ತಿಯೋಸಾರ್‌ನ, ಅಂದರೆ ಮೀನಿನಾಕಾರದ ಕಡಲ ಸರೀಸೃಪದ ತಲೆಬುರುಡೆ ಸಿಕ್ಕಿತು. ಮುಂದಿನ ವರ್ಷ ಉಳಿದ ಮೈಯನ್ನು ಮೇರಿ ಹುಡುಕಿದಳು. ಆಗ ಅವಳಿನ್ನೂ ಹನ್ನೆರಡು ಹದಿಮೂರರ ಹುಡುಗಿ. 1833ರಲ್ಲಿ ಅದೇ ತೀರದ ಗುಡ್ಡ ಕುಸಿದು, ಸದಾ ಜೊತೆಗಿರುತ್ತಿದ್ದ ಅವಳ ನಾಯಿ ಟ್ರೇ ಸತ್ತುಹೋಯಿತು. ಅವಳು ಸ್ವಲ್ಪದರಲ್ಲಿ ಉಳಿದಳು. ಜೋರು ಮಳೆ, ಬಿರುಗಾಳಿ ಆದ ಮೇಲೆ ಹೊಸ ಕಲ್ಲು ಉದುರಿರುತ್ತದೆ, ಆರಿಸೋಕೆ ಅದೇ ಒಳ್ಳೆ ಕಾಲ. ಗುಡ್ಡ ಕುಸಿಯೋದೂ ಅದೇ ಕಾಲದಲ್ಲಿ. ಆದ್ದರಿಂದ ಗೋಡೆಯಂಥ ಗುಡ್ಡದ ಬುಡಕ್ಕೆ ಹೋಗಬೇಡಿ, ತಲೆಗೆ ಹೆಲ್ಮೆಟ್ ಇರಲಿ. ಕಡಲತೀರವಾದರೆ ನೀರು ಇಳಿಯುತ್ತಿರುವಾಗ ಹೋಗಿ, ಏರೋದಕ್ಕೆ ಮುಂಚೆ ವಾಪಸ್ ಬನ್ನಿ.

ಹೋದ ಕೂಡಲೇ ಸುತ್ತಿಗೆ ತೆಗೆಯಬೇಡಿ. ಕುಕ್ಕರಗಾಲಲ್ಲಿ ಕೂತು, ಬಿದ್ದಿರುವ ಚೂರುಗಳನ್ನೇ ಅರ್ಧ ಗಂಟೆ ನೋಡಿ. ಬೆಳಗ್ಗೆ, ಸಂಜೆ ಓರೆ ಬಿಸಿಲಿನಲ್ಲಿ ಸಣ್ಣ ಗೀರಿಗೂ ನೆರಳು ಬೀಳುತ್ತದೆ. ನಡುಮಧ್ಯಾಹ್ನ ಎಲ್ಲ ಕಲ್ಲೂ ಒಂದೇ ಥರ. ನೋಡಬೇಕಾದ್ದು ಪ್ರಾಣಿಯನ್ನಲ್ಲ, ವಿನ್ಯಾಸವನ್ನು. ಮತ್ತೆ ಮತ್ತೆ ಬರುವ ಗೆರೆ, ಎರಡೂ ಕಡೆ ಒಂದೇ ಥರ ಇರುವ ಆಕಾರ, ಸುರುಳಿ, ಐದು ಮೂಲೆ. ನೆರಿಗೆ ಹಿಡಿದು ಅಭ್ಯಾಸವಿದ್ದದ್ದಕ್ಕೋ ಏನೋ, ನನಗೆ ಮೊದಲು ಕಣ್ಣಿಗೆ ಬಿದ್ದದ್ದು ಅಮೋನೈಟ್‌ನ ಏಣುಗಳು. ಸುತ್ತಿಕೊಂಡ ಟಗರಿನ ಕೊಂಬಿನಂಥ ಚಿಪ್ಪು ಅದು, ಒಳಗಿದ್ದದ್ದು ಆಕ್ಟೋಪಸ್ ಬಳಗದ ಪ್ರಾಣಿ. ಸುಮಾರು 6.6 ಕೋಟಿ ವರ್ಷದ ಹಿಂದೆ ಡೈನೋಸಾರ್‌ಗಳ ಜೊತೆಯಲ್ಲೇ ಇವುಗಳ ಕಾಲವೂ ಮುಗಿಯಿತು. ಗಂಡಕಿ ನದಿಯ ಸಾಲಿಗ್ರಾಮ ಒಡೆದಾಗ ಒಳಗೆ ಕಾಣುವ ಚಕ್ರವೂ ಅಮೋನೈಟೇ.

ಬಂದೂಕಿನ ಗುಂಡಿನಂತೆ ಚೂಪಾಗಿ ನುಣುಪಾಗಿದ್ದರೆ ಬೆಲೆಮ್ನೈಟ್. ಅದು ಸ್ಕ್ವಿಡ್‌ನಂಥ ಕಡಲ ಪ್ರಾಣಿಯ ಮೈಯೊಳಗಿನ ಗಟ್ಟಿ ಭಾಗ. ನಡುವೆ ತೂತಿರುವ ಸಣ್ಣ ಬಿಲ್ಲೆ, ಥೇಟ್ ಅಂಗಿ ಗುಂಡಿಯ ಹಾಗೆ ಕಂಡರೆ, ಕ್ರಿನಾಯ್ಡ್ ಅಂದರೆ ಕಡಲಲಿಲ್ಲಿಯ ದಂಟಿನ ತುಂಡು. ಹೆಸರು ಹೂವಿನದು, ಜೀವಿ ಮಾತ್ರ ಪ್ರಾಣಿ. ಎರಡು ಚಿಪ್ಪಿನವುಗಳಲ್ಲಿ ಗೊಂದಲ ಜಾಸ್ತಿ. ಒಂದು ಚಿಪ್ಪನ್ನು ಮುಂದಿಟ್ಟು ಮೇಲಿಂದ ಕೆಳಕ್ಕೆ ನಡುವೆ ಗೆರೆ ಎಳೆದಂತೆ ಊಹಿಸಿ. ಎಡ ಬಲ ಒಂದೇ ಥರ ಇದ್ದರೆ ಅದು ಬ್ರಾಕಿಯೋಪಾಡ್, ಅಂದರೆ ಕಪ್ಪೆಚಿಪ್ಪಿನಂತೆ ಕಂಡರೂ ಬೇರೆಯೇ ಬಳಗದ ಜೀವಿ ಇರಬಹುದು. ಎಡ ಬಲ ಹೊಂದದೆ, ಎದುರು ಚಿಪ್ಪು ಮಾತ್ರ ಕನ್ನಡಿಯ ಬಿಂಬದಂತಿದ್ದರೆ ಕಪ್ಪೆಚಿಪ್ಪಿನ ಬಳಗ. ಸಿಂಪಿಯಂಥ ಕೆಲವು ಈ ಲೆಕ್ಕಕ್ಕೆ ಸಿಗೋದಿಲ್ಲ. ಟ್ರೈಲೋಬೈಟ್, ಅಂದರೆ ಮೈಯೆಲ್ಲ ಕಟ್ಟುಕಟ್ಟಾಗಿದ್ದ ಹುಳದಂಥ ಕಡಲಜೀವಿ ಬೇಕಾದರೆ ತುಂಬಾ ಹಳೆಯ ಕಲ್ಲಿಗೇ ಹೋಗಬೇಕು, ಅವು ಸುಮಾರು 25 ಕೋಟಿ ವರ್ಷದ ಹಿಂದೆಯೇ ಅಳಿದವು. ಕೊಂಡುಕೊಳ್ಳುವ ಟ್ರೈಲೋಬೈಟ್‌ಗಳಲ್ಲಿ ನಕಲಿ ಬೇಕಾದಷ್ಟಿದೆ. ಲೆನ್ಸಿನಲ್ಲಿ ಸಣ್ಣ ಗಾಳಿಗುಳ್ಳೆ ಕಂಡರೆ ಅದು ಅಚ್ಚಿಗೆ ಸುರಿದ ರೆಸಿನ್ ಅಂತ ಅನುಮಾನಿಸಿ.

ನನ್ನ ಮೊದಲ 'ಜರಿಗಿಡ' ಜರಿಗಿಡವೇ ಆಗಿರಲಿಲ್ಲ. ಕಲ್ಲಿನ ಬಿರುಕಿಗೆ ಮ್ಯಾಂಗನೀಸ್ ಇಳಿದು ಮೂಡುವ ಕಪ್ಪು ಚಿತ್ತಾರ ಅದು, ಡೆಂಡ್ರೈಟ್ ಅಂತಾರೆ. ಎಲೆಯಲ್ಲಿ ನಡುನರ ಇರುತ್ತದೆ, ಇದರಲ್ಲಿ ಬರೀ ಕವಲು. ಮನೆಯವರಿಗೆಲ್ಲ ತೋರಿಸಿ ಆದ ಮೇಲೆ ಇದು ಗೊತ್ತಾಯಿತು ಅನ್ನೋದು ಬೇರೆ ಕಥೆ.

ಈಗ ಸುತ್ತಿಗೆ. ಮರಗೆಲಸದ ಸುತ್ತಿಗೆ ಬೇಡ, ಅದನ್ನು ಕಲ್ಲಿಗೆ ಹೊಡೆದರೆ ಉಕ್ಕಿನ ಚೂರು ಸಿಡಿಯಬಹುದು. ಕಲ್ಲಿಗೆಂದೇ ಮಾಡಿದ ಸುತ್ತಿಗೆ, ಒಂದು ಅಗಲ ಬಾಯಿಯ ಉಳಿ, ಒಂದು ಸಣ್ಣ ಉಳಿ ಸಾಕು. ಒಂದು ಸುತ್ತಿಗೆಯನ್ನು ಉಳಿಯಂತೆ ಇಟ್ಟು ಇನ್ನೊಂದರಿಂದ ಹೊಡೆಯಲೇಬೇಡಿ. ಕಣ್ಣಿಗೆ ರಕ್ಷಣೆ ಕನ್ನಡಕ ಇಲ್ಲದೆ ಒಂದು ಏಟೂ ಬೇಡ. ನನ್ನ ಹೊಟ್ಟೆಪಾಡು ಸೂಜಿಗೆ ದಾರ ಪೋಣಿಸೋದರಲ್ಲಿದೆ, ಹಾಗಾಗಿ ಇದರಲ್ಲಿ ನಾನು ಸ್ವಲ್ಪ ಜೋರು.

ಪದರಗಲ್ಲನ್ನು ಮಲಗಿಸಿ ಹೊಡೆದರೆ ಅಡ್ಡಕ್ಕೆ ಮುರಿಯುತ್ತದೆ. ಪುಸ್ತಕ ನಿಲ್ಲಿಸಿದ ಹಾಗೆ ನಿಲ್ಲಿಸಿ. ಪದರದ ಗೆರೆಯ ಮೇಲೆ ಅಗಲ ಉಳಿ ಇಟ್ಟು ಟಕ್ ಟಕ್ ಅಂತ ಹಗುರವಾಗಿ ತಟ್ಟುತ್ತಾ ಸುತ್ತಲೂ ಬನ್ನಿ. ಒಂದೇ ಕಡೆ ಜೋರಾಗಿ ಬೀಳುವ ಏಟಿಗಿಂತ ಸುತ್ತಲೂ ಹತ್ತು ಹಗುರ ಏಟು ಮೇಲು. ಬಿಡುವ ಮುಂಚೆ ಸದ್ದು ಬದಲಾಗುತ್ತದೆ. ಅಲ್ಲಿಯವರೆಗೆ ಗಟ್ಟಿಯಾಗಿ ಕೇಳುತ್ತಿದ್ದದ್ದು ಒಡಕಲು ಮಡಕೆಯಂತೆ ಬೊದ್ದಾಗುತ್ತದೆ. ಆಗ ಸುತ್ತಿಗೆ ಕೆಳಗಿಟ್ಟು ಉಳಿಯನ್ನು ಕೈಯಲ್ಲೇ ಸ್ವಲ್ಪ ತಿರುಗಿಸಿ. ಕಲ್ಲು ಬಿಚ್ಚಿಕೊಂಡಾಗ ಎಷ್ಟೋ ಸಲ ಎರಡು ಹೋಳಿನಲ್ಲೂ ಗುರುತಿರುತ್ತದೆ. ಒಂದರಲ್ಲಿ ಉಬ್ಬು, ಇನ್ನೊಂದರಲ್ಲಿ ಅದರ ಅಚ್ಚು. ಬಟ್ಟೆಯ ಒಳಮೈ ಹೊರಮೈ ಇದ್ದ ಹಾಗೆ. ಎರಡನ್ನೂ ಇಟ್ಟುಕೊಳ್ಳಿ.

ಮೂಳೆ ಕಂಡರೆ ಮಾತ್ರ ಕೈ ಕಟ್ಟಿ ನಿಲ್ಲಿ. ಅದರಲ್ಲೂ ಒಂದರ ಪಕ್ಕ ಒಂದು ಜೋಡಿಸಿದಂತೆ ಇದ್ದರೆ ಅಗೆಯಲೇಬೇಡಿ. ಪಕ್ಕದಲ್ಲಿ ಒಂದು ಸ್ಕೇಲ್ ಇಟ್ಟು ಫೋಟೋ ತೆಗೆಯಿರಿ, ಮೊಬೈಲಿನಲ್ಲಿ ಜಾಗದ ಅಕ್ಷಾಂಶ ರೇಖಾಂಶ ಉಳಿಸಿ, ಮಣ್ಣು ಮುಚ್ಚಿ, ಮ್ಯೂಸಿಯಂ ಅಥವಾ ವಿಶ್ವವಿದ್ಯಾಲಯಕ್ಕೆ ತಿಳಿಸಿ. ಮೂಳೆಗಳು ಯಾವ ಭಂಗಿಯಲ್ಲಿ ಬಿದ್ದಿವೆ ಅನ್ನೋದೇ ಅರ್ಧ ಕಥೆ. ಕಿತ್ತರೆ ಅದು ಹೋಯಿತು.

ಚಿಪ್ಪು ಕೈಗೆ ಬಂತು ಅಂದುಕೊಳ್ಳಿ. ಮುಂದಿನ ಕಲ್ಲು ನೋಡುವ ಮೊದಲು ಚೀಟಿ ಬರೆಯಿರಿ. ಮನೆಗೆ ಹೋಗಿ ಬರೆಯೋಣ ಅಂತ ಬಿಟ್ಟರೆ ಅದು ಬರೆದಂತೆಯೇ! ಚೀಟಿಯಲ್ಲಿ ಇಷ್ಟಿರಲಿ: ನಂಬರ್, ತಾರೀಕು, ಜಾಗದ ಹೆಸರು ಮತ್ತು ಅಕ್ಷಾಂಶ ರೇಖಾಂಶ, ಎಂಥ ಕಲ್ಲು, ಪದರದಲ್ಲೇ ಕೂತಿತ್ತೋ ಕೆಳಗೆ ಬಿದ್ದಿತ್ತೋ. ಪದರದಲ್ಲಿದ್ದರೆ, ಸುಲಭವಾಗಿ ಗುರುತು ಸಿಗುವ ಪಟ್ಟಿಯಿಂದ ಎಷ್ಟು ಮೇಲೆ ಅಥವಾ ಕೆಳಗೆ ಅಂತ ಟೇಪ್ ಹಿಡಿದು ಅಳೆಯಿರಿ. "ಹಳದಿ ಪಟ್ಟಿಯಿಂದ 40 ಸೆಂ.ಮೀ. ಮೇಲೆ" ಅಂತ ಬರೆದ ಚೀಟಿ ಇದ್ದರೆ, ಬೇರೆಯವರೂ ಅದೇ ಪದರಕ್ಕೆ ಹೋಗಿ ನಿಲ್ಲಬಹುದು. ಕಾಲುವೆ ತೋಡಿಸುವ ಕೆಲಸದಲ್ಲಿದ್ದ ವಿಲಿಯಂ ಸ್ಮಿತ್ ಗಮನಿಸಿದ್ದೂ ಇದನ್ನೇ, ಒಂದೊಂದು ಪದರಕ್ಕೂ ಅದರದೇ ಪಳೆಯುಳಿಕೆಗಳಿರುತ್ತವೆ ಅಂತ. ಅದರ ಬಲದಲ್ಲೇ 1815ರಲ್ಲಿ ಇಂಗ್ಲೆಂಡಿನ ಭೂವೈಜ್ಞಾನಿಕ ನಕ್ಷೆ ಹೊರತಂದ. ನಮ್ಮ ಮೇಷ್ಟ್ರು ಪದರ ಕೇಳಿದ್ದು ಸುಮ್ನೆ ಅಲ್ಲ.

ಪೆನ್ಸಿಲಿನಲ್ಲಿ ಬರೆಯಿರಿ, ಬಾಲ್‌ಪೆನ್ ಬೇಡ, ನೆನೆದರೂ ಪೆನ್ಸಿಲ್ ಉಳಿಯುತ್ತದೆ. ಕಲ್ಲನ್ನು ಪೇಪರಿನಲ್ಲಿ ಸುತ್ತಿ, ಚೀಟಿಯ ಜೊತೆ ಜಿಪ್ ಕವರಿಗೆ ಹಾಕಿ. ನೇರ ಹತ್ತಿಯಲ್ಲಿ ಸುತ್ತಬೇಡಿ. ಹತ್ತಿಯ ಎಳೆ ಚಿಪ್ಪಿನ ಮುಳ್ಳಿಗೆ ಸಿಕ್ಕಿಕೊಂಡರೆ ಬಿಡಿಸುವಾಗ ಮುಳ್ಳೇ ಕಿತ್ತು ಬರುತ್ತದೆ. ಮುರಿದಿದ್ದರೆ ಅಲ್ಲೇ ಅಂಟಿಸಬೇಡಿ, ಚೂರುಗಳನ್ನೆಲ್ಲ ಒಂದೇ ಕವರಿಗೆ ಹಾಕಿ.

ಶುಚಿ ಮಾಡುವಾಗಲೇ ಜಾಸ್ತಿ ಹಾಳಾಗೋದು. ನೀರು ಹಾಕುವ ಮೊದಲು ಅದೇ ಕಲ್ಲಿನ ಬೇಡದ ಚೂರನ್ನು ನೆನೆಸಿ ನೋಡಿ. ಕೆಲವು ಶೇಲ್ ನೆನೆದರೆ ಕೆಸರಾಗುತ್ತದೆ. ಗಟ್ಟಿಯಾಗಿದ್ದರೆ ಹಳೆ ಮೆತ್ತನೆ ಟೂತ್‌ಬ್ರಷ್ ಸಾಕು. ಕಡಲಿಂದ ತಂದದ್ದಾದರೆ ಉಪ್ಪು ಬಿಡಲು ಒಂದೆರಡು ವಾರ ಸಿಹಿನೀರಿನಲ್ಲಿಟ್ಟು ದಿನಾ ನೀರು ಬದಲಿಸಿ. ಚಿಪ್ಪಿಗೆ ಅಂಟಿಕೊಂಡು ಉಳಿದ ಕಲ್ಲನ್ನು ತೆಗೆಯೋಕೆ ನನ್ನ ಆಯುಧ ಹೊಲಿಗೆ ಮಷಿನ್ನಿನ ಸೂಜಿ. ಮೊಂಡಾಗಿ ಬಟ್ಟೆಗೆ ಆಗದ ಸೂಜಿಯನ್ನು ಉಜ್ಜುಗಲ್ಲಿಗೆ ಮಸೆದು, ಸಣ್ಣ ಹಿಡಿಯೊಳಗೆ ಸಿಕ್ಕಿಸಿಕೊಳ್ಳುತ್ತೇನೆ. ಕೆರೆಯಬೇಡಿ, ಕೆರೆದರೆ ಗೀರು ಬೀಳುತ್ತದೆ. ಚುಚ್ಚಿ, ಕಲ್ಲಿನ ಕಣ ತಾನೇ ಹಾರುವ ಹಾಗೆ. ಚಿಪ್ಪಿಗೂ ಕಲ್ಲಿಗೂ ನಡುವೆ ಎಷ್ಟೋ ಸಲ ಸಡಿಲ ಸಂದಿ ಇರುತ್ತದೆ, ಅದು ಸಿಕ್ಕರೆ ಕಲ್ಲು ಬಿಲ್ಲೆಬಿಲ್ಲೆಯಾಗಿ ಏಳುತ್ತದೆ. ಮೂಗಿಗೆ ಮಾಸ್ಕ್ ಇರಲಿ, ಕಲ್ಲಿನ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು.

ವಿನೆಗರ್ ಹಾಕಿ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ನಾನೂ ಹಾಕಿದೆ. ಹತ್ತು ಏಣಿನ ಚೆಂದದ ಬ್ರಾಕಿಯೋಪಾಡ್ ಅದು. ಬಟ್ಟಲಿನಲ್ಲಿ ಮುಳುಗಿಸಿದಾಗ ಸಣ್ಣ ಸಣ್ಣ ಗುಳ್ಳೆ ಎದ್ದವು, ಕೊಳೆ ಬಿಡುತ್ತಿದೆ ಅಂತ ಖುಷಿಯಾಗಿ ಮಲಗಿದೆ. ಬೆಳಗ್ಗೆ ನೋಡಿದರೆ ಏಣೇ ಇಲ್ಲ, ತೇದ ಸೋಪಿನ ಚೂರಿನ ಹಾಗಿತ್ತು. ಆಮ್ಲ ಸುಣ್ಣಕಲ್ಲನ್ನು ಕರಗಿಸುತ್ತದೆ ನಿಜ, ಆದರೆ ಚಿಪ್ಪೂ ಅದೇ ಸುಣ್ಣ ಅಲ್ವಾ? ಆಮ್ಲದಿಂದ ಕೆಲಸ ಆಗೋದು ಪಳೆಯುಳಿಕೆ ಬೇರೆ ಖನಿಜದ್ದಾಗಿದ್ದರೆ, ಉದಾಹರಣೆಗೆ ಸಿಲಿಕಾ ತುಂಬಿಕೊಂಡಿದ್ದರೆ. ಅದೂ ಕೈ ಪಳಗಿದವರಿಗೆ.

ಚಿನ್ನದಂತೆ ಹೊಳೆಯುವ ಅಮೋನೈಟ್ ಸಿಕ್ಕರೆ ಹಿಗ್ಗುವ ಮುಂಚೆ ಕೇಳಿ. ಅದು ಪೈರೈಟ್, ಕಬ್ಬಿಣ ಮತ್ತು ಗಂಧಕ. ತೇವದ ಗಾಳಿಯಲ್ಲಿ ಅದು ಒಳಗೊಳಗೇ ಕೊಳೆಯುತ್ತದೆ. ನನ್ನದೊಂದರ ಮೇಲೆ ವರ್ಷದೊಳಗೆ ಬಿಳಿ ಹಳದಿ ಪುಡಿ ಎದ್ದಿತು, ಡಬ್ಬಿ ತೆರೆದರೆ ಗಂಧಕದ ಘಾಟು. ಹಾಗೆ ಹುಟ್ಟುವ ಆಮ್ಲ ಅಡಿಯಲ್ಲಿದ್ದ ಚೀಟಿಯನ್ನೂ ಕಂದು ಮಾಡಿ ತಿಂದುಹಾಕಿತ್ತು. ಆಗಷ್ಟೇ ಚೀಟಿ ಬರೆಯೋದು ಕಲಿತಿದ್ದೆ, ನೋಡಿ! ಈಗ ಪೈರೈಟ್ ಇದ್ದದ್ದನ್ನು ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಬಿಗಿ ಡಬ್ಬಿಯಲ್ಲಿ ಬೇರೆಯೇ ಇಡುತ್ತೇನೆ. ಚೀಟಿಗೆ ಅದರದೇ ಪ್ಲಾಸ್ಟಿಕ್ ಕವರ್.

ಅಂಟು ಹೊಲಿಗೆಯವರ ಕಚ್ಚಾ ಹೊಲಿಗೆಯ ಥರ ಇರಬೇಕು, ಬೇಡ ಅಂದಾಗ ಬಿಚ್ಚುವಂತಿರಬೇಕು. ಮ್ಯೂಸಿಯಂಗಳಲ್ಲಿ ಪ್ಯಾರಲಾಯ್ಡ್ ಬಿ-72 ಅನ್ನೋ ರೆಸಿನ್ ಹರಳನ್ನು ಅಸಿಟೋನ್‌ನಲ್ಲಿ ಕರಗಿಸಿ ಬಳಸುತ್ತಾರೆ. ತೆಳುವಾಗಿ ಬಳಿದರೆ ಪುಡಿಯಾಗುವ ಕಲ್ಲು ಗಟ್ಟಿಯಾಗುತ್ತದೆ, ದಪ್ಪಗಿದ್ದರೆ ಅಂಟಾಗುತ್ತದೆ. ಮತ್ತೆ ಅಸಿಟೋನ್ ಹಚ್ಚಿದರೆ ಬಿಡುತ್ತದೆ. ಕಿಟಕಿ ತೆರೆದು, ಒಲೆಯಿಂದ ದೂರ ಕೂತು ಮಾಡಿ, ಅಸಿಟೋನ್ ಬೇಗ ಬೆಂಕಿ ಹಿಡಿಯುತ್ತದೆ. ಹೊಳಪಿಗೆ ಅಂತ ವಾರ್ನಿಷ್ ಬಳಿಯಬೇಡಿ.

ಕೊನೆಗೆ ನಂಬರ್ ಕಲ್ಲಿನ ಮೇಲೂ ಬೇಕು, ಚೀಟಿ ಕಳೆದುಹೋಗುವ ಜಾತಿ. ಎದ್ದು ಕಾಣದ ಜಾಗದಲ್ಲಿ ಮೊದಲು ಪ್ಯಾರಲಾಯ್ಡ್ ಒಂದು ಚುಕ್ಕೆ, ಅದರ ಮೇಲೆ ಬಿಳಿ ಬಣ್ಣ, ಒಣಗಿದ ಮೇಲೆ ಕಪ್ಪು ಇಂಡಿಯನ್ ಇಂಕಿನಲ್ಲಿ ನಂಬರ್. ಜೋಡಿ ಹೋಳಿದ್ದರೆ 57ಎ, 57ಬಿ. ಅದೇ ನಂಬರಿನ ಎದುರು ಚೀಟಿಯಲ್ಲಿದ್ದದ್ದನ್ನೆಲ್ಲ ಪುಸ್ತಕಕ್ಕೆ ಇಳಿಸಿ. ನನ್ನದು ಹಳೆಯ ಅಳತೆ ಪುಸ್ತಕ. ಎದೆ, ಸೊಂಟ, ತೋಳು ಅಂತ ಅಚ್ಚಾದ ಕಾಲಂಗಳಲ್ಲಿ ಈಗ ಜಾಗ, ಪದರ, ಕಲ್ಲು ಅಂತ ತುಂಬಿಸುತ್ತಿದ್ದೇನೆ.

ಚೀಟಿ ಇಲ್ಲದ ಆ 41 ಕಲ್ಲನ್ನು ಎಸೆದಿಲ್ಲ. ತಮ್ಮನ ಮಗ ರಜೆಗೆ ಬಂದಾಗ ಸೂಜಿ ಹಿಡಿಯೋದು ಕಲಿಯೋಕೆ ಅವನ್ನೇ ಕೊಡುತ್ತೇನೆ. ಮೊನ್ನೆ ಒಂದು ಚಿಪ್ಪಿನ ಅಂಚು ಹಾರಿಸಿಬಿಟ್ಟ, ಮುಖ ಸಣ್ಣದಾಯಿತು. "ಅತ್ತೆ, ಇದು ಯಾವ ಜಾಗದ್ದು?" ಅಂದ. ಡಬ್ಬಿ ಅವನ ಕಡೆ ತಳ್ಳಿ, "ಇನ್ನೊಂದು ತಗೋ" ಅಂದೆ.