ಕಾಫಿ ಗಿಡದ ಕಟ್ಟಿಗೆಯಿಂದ ನನ್ನ ಚಾಕುವಿಗೊಂದು ಹಿಡಿ

ಐದು ವರ್ಷದ ಹಿಂದೆ, ಮಾರ್ಚ್ ತಿಂಗಳಲ್ಲಿ ಮೆಣಸು ಕೊಯ್ಯುತ್ತಿದ್ದಾಗ, ನನ್ನ ಜೇಬಿನ ಚಾಕು ಏಣಿಯ ಮೇಲಿಂದ ಜಾರಿ ಬಂಡೆಯ ಮೇಲೆ ಬಿತ್ತು. ಅಲಗಿಗೆ ಏನೂ ಆಗಲಿಲ್ಲ. ಕೆಂಪು ಹಿಡಿ ಮಾತ್ರ ಕೀಲಿಕೈ ಸಿಕ್ಕಿಸುವ ಬಳೆ ಇರುವ ತುದಿಯಿಂದ ಅರ್ಧದವರೆಗೆ ಸೀಳಿತು. ಚಿಕ್ಕಪ್ಪ ಸೇನೆಯಿಂದ ನಿವೃತ್ತರಾಗಿ ಊರಿಗೆ ಬಂದ ವರ್ಷ ನನಗೆ ಕೊಟ್ಟ ಚಾಕು ಅದು. ಸ್ವಿಟ್ಜರ್ಲೆಂಡಿನ ವಿಕ್ಟೋರಿನಾಕ್ಸ್, ಮಡಚಿದಾಗ 91 ಮಿಲಿಮೀಟರ್ ಉದ್ದ. ಕೊಡಗಿನ ಸಿದ್ದಾಪುರದ ಹತ್ತಿರದ ನಮ್ಮ ಕಾಫಿ ತೋಟಕ್ಕೆ ಅದಿಲ್ಲದೆ ನಾನು ಇಳಿದ ದಿನವೇ ಇಲ್ಲ. ಕೊರಕ ಬಿದ್ದ ಕಾಫಿ ಕಾಯಿಯನ್ನು ಸೀಳಿ ನೋಡುವುದಕ್ಕೆ, ಬಳ್ಳಿ ಕಟ್ಟಿದ ಹಗ್ಗ ಕತ್ತರಿಸುವುದಕ್ಕೆ, ಗೊಬ್ಬರದ ಚೀಲದ ಹೊಲಿಗೆ ಬಿಚ್ಚುವುದಕ್ಕೆ, ಬರುವ ದಾರಿಯಲ್ಲಿ ಒಂದು ಕಿತ್ತಳೆ ಸುಲಿದು ತಿನ್ನುವುದಕ್ಕೆ, ಎಲ್ಲಕ್ಕೂ ಅದೇ.

ಹೊಸ ಚಾಕು ಕೊಳ್ಳಬಹುದಿತ್ತು. ಆದರೆ ಒಡೆದದ್ದು ಹಿಡಿ, ಚಾಕು ಅಲ್ಲ. ಈ ಜಾತಿಯ ಚಾಕುಗಳಲ್ಲಿ ಹಿಡಿ ಎನ್ನುವುದು ಎರಡು ಕಡೆಯ ಹೊದಿಕೆ ಅಷ್ಟೇ. ಚಾಕು ಇಟ್ಟುಕೊಳ್ಳುವ ಗೀಳಿನವರು ಅದನ್ನು ಸ್ಕೇಲ್ ಅನ್ನುತ್ತಾರೆ, ನಾನು ಹಿಡಿಪಟ್ಟಿ ಅನ್ನುತ್ತೇನೆ. ಅಲಗು, ಸ್ಪ್ರಿಂಗು, ಅಲ್ಯೂಮಿನಿಯಂ ತಗಡು ಎಲ್ಲವನ್ನೂ ಬಿಗಿಹಿಡಿದಿರುವುದು ಹಿತ್ತಾಳೆಯ ರಿವೆಟ್‌ಗಳು. ಪಟ್ಟಿಗಳು ಆ ರಿವೆಟ್ಟಿನ ತಲೆಗಳ ಮೇಲೆ ಒತ್ತಿ ಕೂತಿರುತ್ತವೆ. ಆದ್ದರಿಂದ ಅವನ್ನು ಕಿತ್ತು ಬೇರೆ ಹಾಕಬಹುದು. ಅಂಗಡಿಯಲ್ಲಿ ಪ್ಲಾಸ್ಟಿಕ್ಕಿನ ಸಿದ್ಧ ಪಟ್ಟಿಗಳೂ ಸಿಗುತ್ತವೆ, ಐದು ನಿಮಿಷದ ಕೆಲಸ. ನನಗೆ ಮರದ್ದೇ ಬೇಕಿತ್ತು, ಅದರಲ್ಲೂ ನಮ್ಮ ತೋಟದ್ದು. ಮರ ಹಾಕಿದರೆ ಚಾಕುವಿನ ಅಸಲಿತನ ಹೋಗುತ್ತದೆ ಎಂದು ಸ್ನೇಹಿತರೊಬ್ಬರು ವಾದಿಸಿದರು. 1891ರಲ್ಲಿ ಸ್ವಿಸ್ ಸೈನ್ಯಕ್ಕೆ ಕೊಡಲು ಶುರುಮಾಡಿದ ಮೊದಲ ಚಾಕುವಿಗೆ ಇದ್ದದ್ದೂ ಗಾಢ ಬಣ್ಣದ ಮರದ ಹಿಡಿಯೇ. ನಮಗೆಲ್ಲ ಗೊತ್ತಿರುವ, ಬಿರಡೆ ತೆಗೆಯುವ ತಿರುಪು ಇರುವ ಮಾದರಿ ಬಂದದ್ದು 1897ರಲ್ಲಿ. ಅಸಲಿತನದ ಮಾತಾದರೆ ಮರಕ್ಕೇ ಹಿರಿತನ.

ಹಳೆಯ ಪಟ್ಟಿ ಬಿಡಿಸುವುದು ಕಷ್ಟವಲ್ಲ, ಆತುರ ಪಡಬಾರದು. ಮೊದಲು ಅಲಗುಗಳನ್ನೆಲ್ಲ ಮಡಚಿ, ತೆರೆಯುವ ಬದಿಗಳಿಗೆ ಗಟ್ಟಿ ಟೇಪ್ ಸುತ್ತಬೇಕು. ಇದನ್ನು ಬಿಟ್ಟರೆ ಬೆರಳು ಹೋಗುತ್ತದೆ. ಆಮೇಲೆ ಕೈ ತಾಳುವಷ್ಟು ಬಿಸಿ ನೀರಿನಲ್ಲಿ ಐದು ನಿಮಿಷ ಇಟ್ಟರೆ ಪ್ಲಾಸ್ಟಿಕ್ ಸ್ವಲ್ಪ ಮೆದುವಾಗುತ್ತದೆ. ತೆಳು ತಗಡಿನ ತುಂಡೊಂದನ್ನು ತುದಿಯಲ್ಲಿ ತೂರಿಸಿ, ರಿವೆಟ್ ಇರುವ ಜಾಗದ ಹತ್ತಿರ ಮೆಲ್ಲಗೆ ಎಬ್ಬಿದರೆ ಟಕ್ ಎಂದು ಬಿಡುತ್ತದೆ. ನಡುವೆ ಎಬ್ಬಿದರೆ ಪಟ್ಟಿ ಮುರಿಯುತ್ತದೆ, ತಗಡೂ ಬಾಗುತ್ತದೆ. ಬಿಡಿಸಿದ ಪಟ್ಟಿಗಳನ್ನು ಎಸೆಯಬೇಡಿ. ಸೀಳಿದ್ದಾದರೂ ಸರಿ, ಹೊಸದಕ್ಕೆ ಅದೇ ಅಚ್ಚು.

ಇನ್ನು ಮರ. ಎಲ್ಲರೂ ಹೇಳುವುದು ಬೀಟೆ. ತೋಟದಲ್ಲಿ ಬೀಟೆ ಮರ ಇದೆಯೆಂದು ಕೊಂಬೆಗೆ ಕತ್ತಿ ಹಾಕುವಂತಿಲ್ಲ, ಅರಣ್ಯ ಇಲಾಖೆಯ ಅನುಮತಿ ಬೇಕು, ಹಾಗೆ ಬೇಕಿರುವುದೇ ಸರಿ. ಅಟ್ಟದಲ್ಲಿದ್ದ ಹಳೇ ಕುರ್ಚಿಯ ಮುರಿದ ಕಾಲೊಂದು ಸಿಕ್ಕಿತು, ಅದರಿಂದ ಒಂದು ತುಂಡು ಕೊಯ್ದು ಪರೀಕ್ಷೆ ಮಾಡಿದೆ. ಬಣ್ಣಕ್ಕೆ ಸಾಟಿಯಿಲ್ಲ. ಆದರೆ ಆ ಮರದಲ್ಲಿ ಸಹಜವಾದ ಎಣ್ಣೆಯಿದೆ, ಅಸಿಟೋನಿನಿಂದ ಚೆನ್ನಾಗಿ ಒರೆಸದಿದ್ದರೆ ಅಂಟು ಹಿಡಿಯುವುದಿಲ್ಲ. ಅದರ ಹುಡಿ ಕೆಲವರಿಗೆ ಮೈ ತುರಿಕೆ ತರುತ್ತದೆ, ನನಗೂ ತಂದಿತು. ಹಲಸು ಚಂದ, ಆದರೆ ಇಷ್ಟು ತೆಳುವಿಗೆ ಮೆದುವಾಯಿತು. ಸಿಲ್ವರ್ ಓಕ್ ಹೆಸರೇ ಎತ್ತಬೇಡಿ.

ಕೊನೆಗೆ ಕಣ್ಣಿಗೆ ಬಿದ್ದದ್ದು ಸೌದೆ ರಾಶಿ. ಅಜ್ಜ ನೆಟ್ಟಿದ್ದ ಪೆರಿಡೇನಿಯಾ ಎಂಬ ಹಳೇ ತಳಿಯ ರೊಬಸ್ಟಾ ಕಾಫಿ ಗಿಡಗಳನ್ನು ಒಂದು ಪಟ್ಟೆಯಲ್ಲಿ ಕಿತ್ತು ಸಿಎಕ್ಸ್‌ಆರ್ ಎಂಬ ಮಿಶ್ರತಳಿ ಹಾಕಿದ್ದೆವು. ಬುಡಗಳೆಲ್ಲ ಒಲೆಗೆ ಹೋಗುತ್ತಿದ್ದವು. ಒಂದನ್ನು ಗರಗಸದಲ್ಲಿ ಕೊಯ್ದು ನೋಡಿದರೆ ಒಳಗೆ ತಿಳಿಹಳದಿ, ಬೆಣ್ಣೆಯಂಥ ನುಣುಪು, ನೂಲು ಕಾಣದಷ್ಟು ಸಣ್ಣ ಎಳೆ. ಉಗುರು ಒತ್ತಿದರೆ ಗುರುತೇ ಬೀಳುವುದಿಲ್ಲ. ಮಡಿಕೇರಿಯ ಅಂಗಡಿಗಳಲ್ಲಿ ಕಾಫಿ ಬುಡದ ಊರುಗೋಲು, ಟೀಪಾಯಿ ಮಾರುವುದನ್ನು ಚಿಕ್ಕಂದಿನಿಂದ ನೋಡುತ್ತಿದ್ದರೂ ಆ ಮರ ಇಷ್ಟು ಗಟ್ಟಿ ಎಂದು ಕೈಯಾರೆ ಕೊಯ್ಯುವವರೆಗೆ ನನಗೆ ತಿಳಿದಿರಲಿಲ್ಲ.

ಮೊದಲ ಜೊತೆ ಮಾಡಿದ್ದು ಅದೇ ಜುಲೈಯಲ್ಲಿ. ಹೊರಗೆ ಮಳೆ, ತೋಟದಲ್ಲಿ ಕೆಲಸವಿಲ್ಲ, ಕೈ ಖಾಲಿ. ಎರಡು ತಿಂಗಳು ಜಗಲಿಯಲ್ಲಿ ಬಿದ್ದಿದ್ದ ತುಂಡು ಒಣಗಿದೆ ಎಂದೇ ನಂಬಿದೆ. ಅರಾಲ್ಡೈಟ್ ಎಂಬ ಗಟ್ಟಿ ಅಂಟು ಹಾಕಿ ಭದ್ರವಾಗಿ ಅಂಟಿಸಿದೆ. ನೋಡಿದವರೆಲ್ಲ ಹೊಗಳಿದರು. ಫೆಬ್ರುವರಿಯಲ್ಲಿ, ರೊಬಸ್ಟಾ ಕೊಯ್ಲಿನ ಬಿಸಿಲಿನಲ್ಲಿ, ಒಂದು ಸಂಜೆ ಬೆರಳಿಗೆ ತಗಡಿನ ಅಂಚು ತಾಗಿತು. ಪಟ್ಟಿ ಅಗಲದಲ್ಲಿ ಸುಮಾರು ಅರ್ಧ ಮಿಲಿಮೀಟರ್ ಕುಗ್ಗಿತ್ತು. ಹಿಂದಿನ ಪಟ್ಟಿಯಲ್ಲಿ ನಡು ರಿವೆಟ್ಟಿನಿಂದ ತುದಿಯವರೆಗೆ ಕೂದಲೆಳೆಯಷ್ಟು ಸೀಳು. ಮರ ಕುಗ್ಗಬೇಕೆಂದಿತ್ತು, ಅಂಟು ಬಿಡಲಿಲ್ಲ, ಮಧ್ಯೆ ಮರವೇ ಒಡೆಯಿತು.

ನಮ್ಮ ಮನೆಯ ಬಾಗಿಲು ಕಿಟಕಿ ಮಾಡಿದ ಆಚಾರ್ರ ಹತ್ತಿರ ತೆಗೆದುಕೊಂಡು ಹೋದೆ. ಕನ್ನಡಕ ಏರಿಸಿ ಒಂದು ಸಲ ನೋಡಿದರು.

"ಯಾವಾಗ ಮಾಡಿದ್ರಿ?"

"ಆಟಿಯಲ್ಲಿ, ಆ ಮಳೆಯಲ್ಲೇ, ಆಚಾರ್ರೇ."

"ಕಾಫಿ ಹಸಿ ಇದ್ರೆ ಚೀಲಕ್ಕೆ ತುಂಬಿಸ್ತೀರಾ ನೀವು? ಮತ್ತೆ ಮರಕ್ಕೆ ಯಾಕೆ ಅವಸರ?"

ಆ ಮಾತು ನಾಟಿತು. ಪಾರ್ಚ್‌ಮೆಂಟ್, ಅಂದರೆ ಸಿಪ್ಪೆ ಸುಲಿದು ಒಣಗಿಸಿದ ಕಾಫಿ ಆದರೆ ತೇವಾಂಶ 10 ಪರ್ಸೆಂಟ್, ಹಣ್ಣನ್ನು ಹಾಗೇ ಒಣಗಿಸಿದ ರೊಬಸ್ಟಾ ಚೆರ್ರಿ ಆದರೆ 11 ಎಂದು ಕಣದಲ್ಲಿ ದಿನಾ ಲೆಕ್ಕ ಹಾಕುವವನು ನಾನು. ಅದೇ ಗಿಡದ ಬುಡವನ್ನು ಮಾತ್ರ ಕಣ್ಣಂದಾಜಿನಲ್ಲಿ ಒಣಗಿದೆ ಎಂದುಕೊಂಡಿದ್ದೆ.

ಎರಡನೇ ಸಲ ಕ್ರಮವಾಗಿ ಹೋದೆ. ಬುಡದ ನಟ್ಟನಡುವಿನ ತಿರುಳನ್ನು ಬಿಟ್ಟು, ಅದರ ಪಕ್ಕದಿಂದ ಒಂದು ಗೇಣಿಗಿಂತ ಚಿಕ್ಕದಾದ ತುಂಡು ತೆಗೆದೆ. ತಿರುಳು ಸೇರಿದ್ದರೆ ಒಣಗುವಾಗ ಬಿರುಕು ಖಂಡಿತ. ಬೆಳವಣಿಗೆಯ ಉಂಗುರಗಳು ಪಟ್ಟಿಯ ಮುಖಕ್ಕೆ ನೆಟ್ಟಗೆ ನಿಲ್ಲುವ ಹಾಗೆ ಕೊಯ್ದರೆ ಕುಗ್ಗುವುದು ಕಡಿಮೆ. ಉಂಗುರದ ಸುತ್ತು ಹಿಡಿದು ಮರ ಕುಗ್ಗುವ ಪ್ರಮಾಣ, ನಡುವಿನಿಂದ ಹೊರಕ್ಕೆ ಕುಗ್ಗುವುದರ ಹೆಚ್ಚುಕಡಿಮೆ ಎರಡರಷ್ಟಿರುತ್ತದೆ. ತುಂಡಿನ ಎರಡು ತುದಿಗೂ ಜೇನುಮೇಣ ಕರಗಿಸಿ ಬಳಿದೆ, ತುದಿಯಿಂದ ನೀರು ಬೇಗ ಹೋದರೆ ಅಲ್ಲೇ ಸೀಳುತ್ತದೆ. ಆಮೇಲೆ ಅಡುಗೆಮನೆಯ ಒಲೆಯ ಮೇಲಿನ ಅಟ್ಟದಲ್ಲಿ, ಹೊಗೆ ತಾಗುವ ಆದರೆ ಬಿಸಿ ತಾಗದ ಮೂಲೆಯಲ್ಲಿ ಇಟ್ಟೆ. ಮೆಣಸು ತೂಗುವ ಸಣ್ಣ ಡಿಜಿಟಲ್ ತಕ್ಕಡಿಯಲ್ಲಿ ಪ್ರತಿ ಭಾನುವಾರ ತೂಗಿ, ಪೆನ್ಸಿಲ್ಲಿನಲ್ಲಿ ಮರದ ಮೇಲೇ ಬರೆದೆ. 148 ಗ್ರಾಂನಿಂದ ಶುರುವಾಯಿತು. ನಾಲ್ಕು ತಿಂಗಳಾದ ಮೇಲೆ ಮೂರು ವಾರ ಒಂದೇ ಸಮ 97ಕ್ಕೆ ನಿಂತಿತು. ತೂಕ ಇಳಿಯುವುದು ನಿಂತರೆ ಮರ ಅಲ್ಲಿಯ ಗಾಳಿಗೆ ಹೊಂದಿಕೊಂಡಿತು ಎಂದರ್ಥ. ಇದಕ್ಕಿಂತ ಖಾತ್ರಿಯಾದ ಉಪಾಯ ಮನೆಯಲ್ಲಿ ಬೇರೆ ಇಲ್ಲ.

ಆ ತುಂಡನ್ನು ಪುಸ್ತಕ ತೆರೆದ ಹಾಗೆ ಎರಡು ಹೋಳು ಮಾಡಿದೆ, ಎರಡು ಬದಿಗೂ ಒಂದೇ ಎಳೆ ಬರಲಿ ಎಂದು. ಕಿಟಕಿಯ ಗಾಜಿನ ಮೇಲೆ ಉಪ್ಪುಕಾಗದ ಅಂಟಿಸಿ, ಅದರ ಮೇಲೆ ಉಜ್ಜುತ್ತ ಒಳಮುಖವನ್ನು ಸಪಾಟು ಮಾಡಿದೆ. ಎಲ್ಲರ ಕಣ್ಣು ಹೊರಮುಖದ ಮೇಲಿರುತ್ತದೆ. ಆದರೆ ಈ ಕೆಲಸದ ಮರ್ಯಾದೆ ಉಳಿಯುವುದೋ ಹೋಗುವುದೋ ಒಳಮುಖದಲ್ಲಿ. ರಿವೆಟ್ಟಿನ ತಲೆಗಳು ಕೂರಲು ಅಲ್ಲಿ ಗುಳಿ ಬೇಕು, ಅದೂ ಕರಾರುವಾಕ್ಕಾಗಿ. ಅಳತೆ ಮಾಡಿ ಗುರುತು ಹಾಕಲು ಹೋಗಿ ಎರಡು ಸಲ ತಪ್ಪಿದ ಮೇಲೆ ಮಗಳ ಕಾಡಿಗೆ ಡಬ್ಬಿ ತಂದೆ. ರಿವೆಟ್ಟಿನ ತಲೆಗಳಿಗೆ ಚೂರು ಕಾಡಿಗೆ ಸವರಿ, ಮರವನ್ನು ಅದರ ಮೇಲೆ ನೇರವಾಗಿ ಒತ್ತಿದೆ. ಎತ್ತಿದಾಗ ತಿಳಿಹಳದಿ ಮರದ ಮೇಲೆ ಕಪ್ಪು ಬೊಟ್ಟುಗಳು, ಇರಬೇಕಾದಲ್ಲೇ. ಡ್ರಿಲ್ ಬಿಟ್ಟಿನ ಚೂಪು ತುದಿಯನ್ನು ಗ್ರೈಂಡರಿನಲ್ಲಿ ಬಹುಮಟ್ಟಿಗೆ ಚಪ್ಪಟೆ ಮಾಡಿಸಿಕೊಂಡಿದ್ದೆ, ಇಲ್ಲದಿದ್ದರೆ ಅದರ ಮೂತಿ ಹೊರಮುಖಕ್ಕೆ ತೂರಿಬಿಡುತ್ತದೆ. ಎಷ್ಟು ಆಳ ಬೇಕೋ ಅಷ್ಟಕ್ಕೆ ಬಿಟ್ಟಿಗೆ ಟೇಪ್ ಸುತ್ತಿ, ಟೇಪ್ ಮರಕ್ಕೆ ತಾಗಿದ ಕೂಡಲೇ ನಿಲ್ಲಿಸಿದೆ. ಗುಳಿಯ ಮೇಲೆ ಕಡಿಮೆಯೆಂದರೂ ಒಂದೂವರೆ ಮಿಲಿಮೀಟರ್ ಮರ ಉಳಿಯಬೇಕು. ಗುಳಿಯ ಅಗಲ ರಿವೆಟ್ಟಿನ ತಲೆಗಿಂತ ಒಂದಿಷ್ಟೇ ಹೆಚ್ಚಿರಲಿ, ಮರ ಉಸಿರಾಡಲು ಅಷ್ಟು ಜಾಗ ಸಾಕು.

ಅಚ್ಚಿಗೆ ಹಳೇ ಪಟ್ಟಿ ಇಟ್ಟು ಗೆರೆ ಎಳೆದು, ಗರಗಸ, ಅರ, ಉಪ್ಪುಕಾಗದ. ಒಂದು ಕಡೆ ಎಚ್ಚರ ಬೇಕು. ಅಲಗು ತೆರೆಯಲು ಉಗುರು ಸಿಕ್ಕಿಸುವ ಗೀರು ಇದೆಯಲ್ಲ, ಅಲ್ಲಿ ಪಟ್ಟಿಯ ಅಂಚು ತಗಡಿಗಿಂತ ಮೇಲೆದ್ದರೆ ಉಗುರು ಗೀರನ್ನು ಮುಟ್ಟುವುದೇ ಇಲ್ಲ. ಆ ಭಾಗವನ್ನು ತಗಡಿನ ಸಮಕ್ಕೆ ಇಳಿಸಿ, ಅಂಚನ್ನು ಓರೆಯಾಗಿ ತೇಯಬೇಕು. ಹಲ್ಲುಕಡ್ಡಿ ಮತ್ತು ಚಿಮಟ ಇಡುವ ಸೀಳುಗಳನ್ನು ನಾನು ಮಾಡಲಿಲ್ಲ, ಇಷ್ಟು ತೆಳು ಮರದಲ್ಲಿ ಅದು ದೌರ್ಬಲ್ಯ. ಮುಳ್ಳು ತೆಗೆಯಲು ಆ ಚಿಮಟ ಬೇಕೇ ಬೇಕು, ಈಗ ಪರ್ಸಿನಲ್ಲಿ ಇಟ್ಟುಕೊಂಡಿದ್ದೇನೆ.

ಅಂಟಿಸಲು ಈ ಸಲ ಅರಾಲ್ಡೈಟ್ ಮುಟ್ಟಲಿಲ್ಲ. ತಗಡನ್ನೂ ಮರವನ್ನೂ ಸ್ಪಿರಿಟ್ಟಿನಲ್ಲಿ ಒರೆಸಿ, ಎರಡು ಬದಿಗೂ ಅಂಟಿರುವ ಒಳ್ಳೆಯ ಡಬಲ್ ಟೇಪ್ ಹಾಕಿ ಒತ್ತಿದೆ. ಅಡ್ಡಕ್ಕೆ ಜಾರದಂತೆ ಹಿಡಿಯುವ ಕೆಲಸ ರಿವೆಟ್ಟಿನದು, ಮೇಲಕ್ಕೆ ಏಳದಂತೆ ಹಿಡಿಯುವುದು ಟೇಪಿನದು. ಟೇಪ್ ಚೂರು ಎಳೆಯುತ್ತದೆ, ಕುಗ್ಗುತ್ತದೆ, ಮರದ ಜೊತೆ ಹೋಗುತ್ತದೆ. ಬೇಕೆಂದಾಗ ದಾರ ತೂರಿಸಿ ಎಳೆದರೆ ಬಿಡುತ್ತದೆ. ನಾಲ್ಕು ಮಳೆಗಾಲದಲ್ಲಿ ಒಂದು ಸಲ ಟೇಪ್ ಬದಲಿಸಿದ್ದೇನೆ, ಅಷ್ಟೇ.

ಮುಗಿತಾಯಕ್ಕೆ 120, 220, 400, 800 ಎಂದು ಉಪ್ಪುಕಾಗದದ ನಂಬರು ಏರಿಸುತ್ತ, ನುಣ್ಣಗಿನದಕ್ಕೆ ಹೋದೆ. 400 ಆದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಎದ್ದ ನೂಲನ್ನು ಒಣಗಿದ ಮೇಲೆ ಮತ್ತೆ ತೇಯಬೇಕು. ಇಲ್ಲದಿದ್ದರೆ ಮೊದಲ ಮಳೆಗೇ ಹಿಡಿ ಒರಟಾಗುತ್ತದೆ. ಅಗಸೆ ಎಣ್ಣೆ ಮೂರು ಸಲ, ನಡುವೆ ಒಂದೊಂದು ದಿನ ಬಿಟ್ಟು. ಪೇಂಟ್ ಅಂಗಡಿಯಲ್ಲಿ ಸಿಗುವ ಕಾಯಿಸಿದ ಅಗಸೆ ಎಣ್ಣೆಯೇ ಬೇಕು, ಹಸಿಯದು ವಾರಗಟ್ಟಲೆ ಅಂಟಂಟಾಗಿರುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ಒಣಗುವಾಗ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಲ್ಲದು. ಹೊರಗೆ ಬಿಡಿಸಿ ಹರವಿ ಒಣಗಿಸಿ. ಕೊನೆಗೆ ತುಡುವೆ ಜೇನಿನ ಮೇಣ ಬಳಿದು ಅಂಗೈಯಲ್ಲೇ ಉಜ್ಜಿದೆ. ತಿಳಿಹಳದಿ ಇದ್ದದ್ದು ಜೇನಿನ ಬಣ್ಣಕ್ಕೆ ತಿರುಗಿತು, ಈಗ ಬೆವರು ಹಿಡಿದು ಇನ್ನೂ ಗಾಢವಾಗಿದೆ.

ಕೆಲಸದಲ್ಲಿ ಸಂದಿಗಳಿಗೆ ಮರದ ಹುಡಿ ಹೋಗಿಯೇ ಹೋಗುತ್ತದೆ. ಬ್ರಷ್ಷಿನಿಂದ ಗುಡಿಸಿ, ಸಂದಿಗೆ ಮಾತ್ರ ಸೋಪು ನೀರು ತಾಗಿಸಿ, ಒರೆಸಿ, ಕೂಡಲೇ ಒಣಗಿಸಿ, ಅಲಗಿನ ಬುಡಕ್ಕೆ ಒಂದು ತೊಟ್ಟು ಎಣ್ಣೆ ಬಿಡಬೇಕು. ನಮ್ಮಲ್ಲಿ ಎಲ್ಲರ ಕೈಗೂ ಮೊದಲು ಸಿಗುವುದು ತೆಂಗಿನೆಣ್ಣೆ. ಡಿಸೆಂಬರಿನ ಚಳಿಗೆ ಅದು ಗಟ್ಟಿಯಾಗಿ ಅಲಗು ಬೆಳಿಗ್ಗೆ ತೆರೆಯುವುದೇ ಇಲ್ಲ. ಔಷಧಿ ಅಂಗಡಿಯ ಲಿಕ್ವಿಡ್ ಪ್ಯಾರಾಫಿನ್ ಒಳ್ಳೆಯದು, ಹಣ್ಣು ಕೊಯ್ದರೂ ಭಯವಿಲ್ಲ. ತುಕ್ಕು ಹಿಡಿಯದ ಉಕ್ಕು ಎಂದು ನಂಬಿ ಕಿತ್ತಳೆ ರಸ ಹಾಗೇ ಬಿಟ್ಟರೆ ಮಳೆಗಾಲದಲ್ಲಿ ಚುಕ್ಕೆ ಬೀಳುತ್ತದೆ. ಚರ್ಮದ ಚೀಲದಲ್ಲಿ ಇಡಲೇಬೇಡಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದೇ ಬೂಷ್ಟಿನ ಮನೆ.

ಆ ವರ್ಷದ ಕೈಲ್ ಮುಹೂರ್ತಕ್ಕೆ, ಅಂದರೆ ನಮ್ಮ ಕೊಡಗಿನ ಆಯುಧಪೂಜೆಯ ಹಬ್ಬಕ್ಕೆ, ಚಿಕ್ಕಪ್ಪ ಬಂದಿದ್ದರು. ಕೋವಿ, ಕೊಡವರ ಅಗಲ ಅಲಗಿನ ಒಡಿಕತ್ತಿ ಎಲ್ಲ ಒರೆಸಿ ಸಾಲಾಗಿ ಇಟ್ಟಿದ್ದೆವು. ನನ್ನ ಚಾಕು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿದರು. "ಇದು ನಾನು ಕೊಟ್ಟದ್ದಲ್ಲವಾ?" ಎಂದರು. ಕೆಂಪು ಇಲ್ಲದ್ದರಿಂದ ಗುರುತು ಕೂಡಲೇ ಸಿಕ್ಕಿರಲಿಲ್ಲ. ಯಾವ ಮರ ಎಂದು ಕೇಳಿದರು. ಅವರ ಅಪ್ಪ ನೆಟ್ಟ ಗಿಡದ್ದು ಎಂದೆ. ಏನೂ ಹೇಳದೆ ಹೆಬ್ಬೆರಳಿನ ಉಗುರಿನಿಂದ ಅಲಗು ತೆರೆದು, ಮಡಚಿ, ತಾವೇ ಒಡಿಕತ್ತಿಯ ಪಕ್ಕದಲ್ಲಿ ಇಟ್ಟು ಹೂ ಏರಿಸಿದರು.

ಈಗ ಮಗಳಿಗೂ ಒಂದು ಬೇಕಂತೆ, ಅವಳದ್ದು ಕಿತ್ತಳೆ ಮರದ್ದೇ ಆಗಬೇಕಂತೆ. ಹಿತ್ತಲಲ್ಲಿ ಒಣಗಿ ನಿಂತಿದ್ದ ಹಳೇ ಕೊಡಗಿನ ಕಿತ್ತಳೆಯಿಂದ ಒಂದು ತುಂಡು ತೆಗೆದು ಅಟ್ಟದಲ್ಲಿ ಇಟ್ಟಿದ್ದೇವೆ. ತೂಗಿ ಬರೆಯುವುದು ಅವಳ ಕೆಲಸ. ಹೋದ ಭಾನುವಾರ 112 ಗ್ರಾಂ, ಅದರ ಹಿಂದಿನ ವಾರ 115. ಇನ್ನೂ ಇಳಿಯುತ್ತಿದೆ.