ಡಿಸ್‌ಪ್ಲೇ ತಂತ್ರಜ್ಞಾನ: ತೈವಾನ್, ಕೊರಿಯಾದಲ್ಲಿ ಮಾಸ್ಟರ್ಸ್ ಮಾಡುವುದು ಹೇಗೆ?

ನಮ್ಮಲ್ಲಿ ಮೊಬೈಲ್ ಜೋಡಿಸುವ ಕಾರ್ಖಾನೆಗಳು ಜಾಸ್ತಿಯಾಗಿವೆ. ಆದರೆ ಆ ಮೊಬೈಲಿನ ಪರದೆ ಬಹುಪಾಲು ಹೊರಗಿನಿಂದಲೇ ಬರುತ್ತದೆ. 2021ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ 76,000 ಕೋಟಿ ರೂಪಾಯಿಯ ಸೆಮಿಕಂಡಕ್ಟರ್ ಯೋಜನೆಯಲ್ಲಿ ಡಿಸ್‌ಪ್ಲೇ ಫ್ಯಾಬ್‌ಗೂ (ಪರದೆ ತಯಾರಿಸುವ ಕಾರ್ಖಾನೆ) ನೆರವಿನ ಅವಕಾಶವಿತ್ತು. ಫ್ಯಾಬ್ ಕಟ್ಟಲು ಹಣ ಸಿಗಬಹುದು. ಅದನ್ನು ನಡೆಸಲು ಬಲ್ಲವರು ಬೇಕಲ್ವಾ?

ಈ ಕೆಲಸವನ್ನು ಓದಿ ಕಲಿಯಲು ಆಗುವುದಿಲ್ಲ. ಕ್ಲೀನ್‌ರೂಮ್ (ದೂಳು ನುಸುಳದ ಪ್ರಯೋಗ ಕೋಣೆ) ಒಳಗೆ ನಿಂತು, ಗಾಜಿನ ಮೇಲೆ ಪದರದ ಮೇಲೆ ಪದರ ಹಾಕಿ, ಕೆಡಿಸಿ, ಮತ್ತೆ ಮಾಡಿ ಕಲಿಯಬೇಕು. ಆದ್ದರಿಂದ ದೇಶದ ಹೆಸರು, ರ‍್ಯಾಂಕಿಂಗ್ ನೋಡಿ ಹೊರಡಬೇಡಿ. ನಿಮ್ಮ ಕೈಗೆ ಯಂತ್ರ ಕೊಡುವ ಲ್ಯಾಬ್ ನೋಡಿ ಹೊರಡಿ. ಎಲೆಕ್ಟ್ರಾನಿಕ್ಸ್, ಭೌತವಿಜ್ಞಾನ, ರಸಾಯನವಿಜ್ಞಾನ, ಮೆಟೀರಿಯಲ್ಸ್, ಮೆಕ್ಯಾನಿಕಲ್ ಯಾವುದನ್ನು ಓದಿದವರಿಗೂ ಇಲ್ಲಿ ಜಾಗವಿದೆ.

1. ಯಾವ ಭಾಗ ಬೇಕು, ಮೊದಲೇ ತೀರ್ಮಾನಿಸಿ

'ಡಿಸ್‌ಪ್ಲೇ ಕಲಿಯುತ್ತೇನೆ' ಎಂದರೆ ಸಾಲದು. ಒಂದು ಪರದೆಯಲ್ಲಿ ಹಲವು ವಿದ್ಯೆಗಳಿವೆ.

ಪ್ರತಿ ಚುಕ್ಕೆಯ ಹಿಂದೆಯೂ ಅದನ್ನು ಹಚ್ಚಿ ಆರಿಸುವ ತೆಳು ಟ್ರಾನ್ಸಿಸ್ಟರ್‌ಗಳಿರುತ್ತವೆ. ಇದಕ್ಕೆ ಬ್ಯಾಕ್‌ಪ್ಲೇನ್ ಎನ್ನುತ್ತಾರೆ. ಹಳೆಯ ಅಮಾರ್ಫಸ್ (ಹರಳುಗಟ್ಟದ) ಸಿಲಿಕಾನ್‌ನಲ್ಲಿ ಎಲೆಕ್ಟ್ರಾನ್ ನಿಧಾನವಾಗಿ ಚಲಿಸುತ್ತದೆ. ಇಂಡಿಯಂ, ಗ್ಯಾಲಿಯಂ, ಝಿಂಕ್ ಸೇರಿದ ಆಕ್ಸೈಡ್‌ನಲ್ಲಿ ಆ ವೇಗ ಸುಮಾರು ಹತ್ತು ಪಟ್ಟು. ಸಿಲಿಕಾನನ್ನೇ ಲೇಸರ್‌ನಿಂದ ಕರಗಿಸಿ ಹರಳುಗಟ್ಟಿಸಿದರೆ ಇನ್ನೂ ಜಾಸ್ತಿ. ಎಲೆಕ್ಟ್ರಾನಿಕ್ಸ್ ಓದಿದವರಿಗೆ ಇದು ಹತ್ತಿರದ ದಾರಿ.

ಬೆಳಕು ಕೊಡುವ ಪದರ ಇನ್ನೊಂದು ಲೋಕ. 1987ರಲ್ಲಿ ಕೊಡಾಕ್ ಕಂಪನಿಯ ಟ್ಯಾಂಗ್ ಮತ್ತು ವ್ಯಾನ್‌ಸ್ಲೈಕ್ ಕಡಿಮೆ ವೋಲ್ಟೇಜಿನಲ್ಲಿ ಬೆಳಗುವ ಓಎಲ್‌ಇಡಿ (ಸಾವಯವ ವಸ್ತುವಿನ ಪದರ ತಾನೇ ಬೆಳಕು ಕೊಡುವ ಸಾಧನ) ತೋರಿಸಿದರು. ಇಂದು ಫೋನ್ ಪರದೆಗೆ ಆ ಬಣ್ಣದ ಪದರಗಳನ್ನು ನಿರ್ವಾತದಲ್ಲಿ ಆವಿ ಮಾಡಿ, ತೂತುಗಳಿರುವ ತೆಳು ಲೋಹದ ಹಾಳೆಯ ಮೂಲಕ ಕೂರಿಸುತ್ತಾರೆ. ರಂಗೋಲಿ ಅಚ್ಚಿನ ತೂತುಗಳಿಂದ ಪುಡಿ ಉದುರಿಸಿದ ಹಾಗೆ. ಆದರೆ ಇಲ್ಲಿ ತೂತುಗಳು ಮೈಕ್ರೋಮೀಟರ್ ಲೆಕ್ಕದಲ್ಲಿರುತ್ತವೆ. ಬಿಸಿಗೆ ಹಾಳೆ ಚೂರು ಹಿಗ್ಗಿದರೂ ಕೆಂಪಿನ ಜಾಗಕ್ಕೆ ಹಸಿರು ಬೀಳುತ್ತದೆ. ಅದಕ್ಕೇ ಆ ಹಾಳೆಗೆ ಅತಿ ಕಡಿಮೆ ಹಿಗ್ಗುವ ಇನ್ವಾರ್ ಲೋಹ ಬಳಸುತ್ತಾರೆ. ರಸಾಯನವಿಜ್ಞಾನ, ಮೆಟೀರಿಯಲ್ಸ್ ಓದಿದವರು ಇಲ್ಲಿ ಬೇಕು.

ಮೂರನೆಯದು ಮೈಕ್ರೋ ಎಲ್‌ಇಡಿ. ನನ್ನ ಅಭಿಪ್ರಾಯದಲ್ಲಿ ಹೊಸಬರಿಗೆ ಅತಿ ಹೆಚ್ಚು ಕೆಲಸ ಉಳಿದಿರುವುದು ಇಲ್ಲೇ. ಒಂದು 4ಕೆ ಪರದೆಯಲ್ಲಿ 3840 × 2160 ಚುಕ್ಕೆಗಳು. ಪ್ರತಿ ಚುಕ್ಕೆಗೆ ಮೂರು ಬಣ್ಣ. ಅಂದರೆ ಸುಮಾರು 2.49 ಕೋಟಿ ಪುಟಾಣಿ ಎಲ್‌ಇಡಿಗಳನ್ನು ಒಂದು ಕಡೆಯಿಂದ ಎತ್ತಿ ಇನ್ನೊಂದು ಕಡೆ ಕೂರಿಸಬೇಕು. ಶೇ 99.99ರಷ್ಟು ಸರಿಯಾಗಿ ಕೂತರೂ ಸುಮಾರು 2,500 ಕೆಟ್ಟ ಚುಕ್ಕೆಗಳು ಉಳಿಯುತ್ತವೆ. ಪರದೆ ಹಾಳಾಗಲು ಇಷ್ಟು ಸಾಕು! ಎತ್ತಿ ಕೂರಿಸುವ ಯಂತ್ರ, ಕೆಟ್ಟದ್ದನ್ನು ಪತ್ತೆ ಹಚ್ಚುವುದು, ಸರಿಪಡಿಸುವುದು ಎಲ್ಲವೂ ಸಂಶೋಧನೆಯ ವಿಷಯಗಳೇ. ಮೆಕ್ಯಾನಿಕಲ್ ಹುಡುಗರು, ಹುಡುಗಿಯರು ಇದನ್ನು ಗಮನಿಸಿ.

ದ್ರವ ಹರಳು (ಎಲ್‌ಸಿಡಿ ಪರದೆಯೊಳಗಿನ, ಹರಿದರೂ ಅಣುಗಳು ಸಾಲುಗಟ್ಟಿರುವ ವಸ್ತು), ಕ್ವಾಂಟಂ ಡಾಟ್ (ಶುದ್ಧ ಬಣ್ಣದ ಬೆಳಕು ಕೊಡುವ ಅತಿ ಸಣ್ಣ ಕಣ), ಕನ್ನಡಕದೊಳಗೆ ಕೂರುವ ಪರದೆಗಳ ಆಪ್ಟಿಕ್ಸ್ ಕೂಡ ಇವೆ. ಒಂದನ್ನು ಆರಿಸಿ.

2. ಬೆಂಗಳೂರಿನಲ್ಲೇ ಶುರು ಮಾಡಿ

ಅರ್ಜಿ ಹಾಕುವ ಮೊದಲು ಸ್ವಲ್ಪವಾದರೂ ಲ್ಯಾಬ್ ಅನುಭವ ಬೇಕು. ಈ ವಿಷಯದಲ್ಲಿ ಕರ್ನಾಟಕದವರಿಗೆ ಒಂದು ಅನುಕೂಲವಿದೆ. 1977ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಚಂದ್ರಶೇಖರ್, ಬಿ.ಕೆ. ಸದಾಶಿವ, ಕೆ.ಎ. ಸುರೇಶ್ ಅವರು ತಟ್ಟೆಯಾಕಾರದ ಅಣುಗಳೂ ದ್ರವ ಹರಳಾಗುತ್ತವೆ ಎಂದು ಕಂಡುಹಿಡಿದರು. ಮುಂದೆ ಅಂಥ ಅಣುಗಳ ಫಿಲ್ಮ್ ಅಂಟಿಸಿದ್ದರಿಂದ ಎಲ್‌ಸಿಡಿ ಪರದೆಗಳು ಪಕ್ಕದಿಂದ ನೋಡಿದರೂ ಚೆನ್ನಾಗಿ ಕಾಣುವಂತಾದವು. ಚಂದ್ರಶೇಖರ್ ಅವರೇ ಕಟ್ಟಿದ ದ್ರವ ಹರಳು ಸಂಶೋಧನಾ ಕೇಂದ್ರ ಇಂದು ನ್ಯಾನೋ ಮತ್ತು ಮೃದು ದ್ರವ್ಯ ವಿಜ್ಞಾನ ಕೇಂದ್ರವಾಗಿ ಬೆಂಗಳೂರಿನಲ್ಲೇ ಇದೆ. ಅಲ್ಲಿನ ವಿಜ್ಞಾನಿಗಳಿಗೆ ಬರೆದು ಕೊನೆಯ ವರ್ಷದ ಪ್ರಾಜೆಕ್ಟ್ ಕೇಳಿ. ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೋ ಕೇಂದ್ರ ಹೊರಗಿನವರಿಗೂ ಕ್ಲೀನ್‌ರೂಮ್ ತರಬೇತಿ ಕೊಡುತ್ತದೆ. ಐಐಟಿ ಕಾನ್ಪುರದಲ್ಲಿ ಬಾಗುವ ಎಲೆಕ್ಟ್ರಾನಿಕ್ಸ್‌ಗಾಗಿಯೇ ರಾಷ್ಟ್ರೀಯ ಕೇಂದ್ರವಿದೆ.

3. ಲ್ಯಾಬ್ ಹುಡುಕುವುದು

ತೈವಾನಿನ ಶಿನ್‌ಚು ನಗರ ಇದಕ್ಕೆ ಹೇಳಿ ಮಾಡಿಸಿದ ಊರು. ಅಲ್ಲಿನ ಸೈನ್ಸ್ ಪಾರ್ಕ್ 1980ರಿಂದ ಇದೆ. ಪರದೆಯ ಪ್ಯಾನೆಲ್ ತಯಾರಿಸುವ ಕಂಪನಿ ಎಯುಒ ಅಲ್ಲೇ ಇದೆ. ಪಕ್ಕದಲ್ಲೇ ನ್ಯಾಷನಲ್ ಯಾಂಗ್ ಮಿಂಗ್ ಚಿಯಾವೊ ತುಂಗ್ ವಿಶ್ವವಿದ್ಯಾಲಯ. ಅದರ ಫೋಟೊನಿಕ್ಸ್ (ಬೆಳಕಿನ ತಂತ್ರಜ್ಞಾನ) ವಿಭಾಗ ಡಿಸ್‌ಪ್ಲೇ ಸಂಶೋಧನೆಗೆ ಹೆಸರಾಗಿದೆ.

ಕೊರಿಯಾದಲ್ಲಿ ಸೋಲ್ ನಗರದ ಕ್ಯುಂಗ್ ಹೀ ವಿಶ್ವವಿದ್ಯಾಲಯದಲ್ಲಿ ಡಿಸ್‌ಪ್ಲೇಗೆಂದೇ ಪ್ರತ್ಯೇಕ ವಿಭಾಗವಿದೆ. ಫ್ರಾನ್ಸಿನ ಎಕೋಲ್ ಪಾಲಿಟೆಕ್ನೀಕ್ ಜೊತೆ ಸೇರಿ ಎರಡು ಪದವಿ ಕೊಡುವ ಮಾಸ್ಟರ್ಸ್ ನಡೆಸಿದ ಅನುಭವವೂ ಅದಕ್ಕಿದೆ.

ಲ್ಯಾಬಿನ ಪುಟ ತೆರೆದಾಗ ಮೂರು ವಿಷಯ ನೋಡಿ. ಕಳೆದ ಎರಡು ಮೂರು ವರ್ಷಗಳ ಪ್ರಬಂಧಗಳಲ್ಲಿ ವಿದ್ಯಾರ್ಥಿಗಳು ತಾವೇ ಸಾಧನ ತಯಾರಿಸಿದ್ದಾರಾ, ಇಲ್ಲ ಬರೀ ಕಂಪ್ಯೂಟರ್ ಸಿಮ್ಯುಲೇಷನ್ನಾ? ಹೊರದೇಶದ ವಿದ್ಯಾರ್ಥಿಗಳು ಈಗಾಗಲೇ ಇದ್ದಾರಾ? ಓದು ಮುಗಿಸಿದವರು ಎಲ್ಲಿ ಕೆಲಸದಲ್ಲಿದ್ದಾರೆ? ಸೊಸೈಟಿ ಫಾರ್ ಇನ್‌ಫರ್ಮೇಷನ್ ಡಿಸ್‌ಪ್ಲೇ ಎಂಬ ಸಂಘ ಪ್ರತಿ ವರ್ಷ ಡಿಸ್‌ಪ್ಲೇ ವೀಕ್ ನಡೆಸುತ್ತದೆ. ಅಲ್ಲಿ ಯಾರು ಏನು ಮಂಡಿಸಿದರು ಎಂಬ ಪಟ್ಟಿಯೇ ಒಳ್ಳೆಯ ಲ್ಯಾಬ್‌ಗಳ ವಿಳಾಸ ಪುಸ್ತಕ.

4. ಪ್ರೊಫೆಸರ್‌ಗೆ ಮೇಲ್ ಬರೆಯಿರಿ

ಹೆಚ್ಚಿನವರು ಎಡವುವುದು ಇಲ್ಲೇ. ಒಂದೇ ಮೇಲ್ ಐವತ್ತು ಜನಕ್ಕೆ ಕಳಿಸಿದರೆ ಯಾರೂ ಉತ್ತರಿಸುವುದಿಲ್ಲ. ಅವರ ಒಂದು ಪ್ರಬಂಧ ಪೂರ್ತಿ ಓದಿ. ಮೇಲ್‌ನ ಮೊದಲ ಎರಡು ಸಾಲಿನಲ್ಲಿ ನೀವು ಯಾರು, ಏನು ಮಾಡಿದ್ದೀರಿ ಎಂದು ಹೇಳಿ. ಆಮೇಲೆ ಆ ಪ್ರಬಂಧದ ಬಗ್ಗೆ ನಿಮಗೆ ನಿಜವಾಗಿಯೂ ಹುಟ್ಟಿದ ಒಂದು ಪ್ರಶ್ನೆ ಕೇಳಿ. ಉದಾಹರಣೆಗೆ, 'ಬೆಳಕು ಬಿದ್ದಾಗ ನಿಮ್ಮ ಆಕ್ಸೈಡ್ ಟ್ರಾನ್ಸಿಸ್ಟರ್‌ನ ಥ್ರೆಶೋಲ್ಡ್ ವೋಲ್ಟೇಜ್ ಏಕೆ ಸರಿಯುತ್ತದೆ?' (ಥ್ರೆಶೋಲ್ಡ್ ವೋಲ್ಟೇಜ್ ಎಂದರೆ ಟ್ರಾನ್ಸಿಸ್ಟರ್ ಆನ್ ಆಗಲು ಬೇಕಾದ ಕನಿಷ್ಠ ವೋಲ್ಟೇಜ್.) ಕೊನೆಗೆ ಯಾವ ಸೆಮಿಸ್ಟರ್‌ಗೆ ಬರಲು ಬಯಸುತ್ತೀರಿ ಎಂದು ಬರೆಯಿರಿ. ಒಂದು ಪುಟದ ಸಿ.ವಿ. ಸಾಕು. 'ನಾನು ತುಂಬಾ ಶ್ರಮಜೀವಿ' ಅನ್ನುವ ಸಾಲುಗಳು ಬೇಡ. ಎರಡು ವಾರ ಉತ್ತರ ಬರದಿದ್ದರೆ ಒಮ್ಮೆ ನೆನಪಿಸಿ. ಆಮೇಲೆ ಮುಂದಿನ ಲ್ಯಾಬ್ ನೋಡಿ.

ಪೂರ್ತಿ ಎರಡು ವರ್ಷಕ್ಕೆ ಹೋಗಲು ಹಿಂಜರಿಕೆ ಇದ್ದರೆ, ತೈವಾನ್ ಶಿಕ್ಷಣ ಸಚಿವಾಲಯದ 'ಟೀಪ್' ಯೋಜನೆಯಲ್ಲಿ ಕೆಲವು ತಿಂಗಳ ಇಂಟರ್ನ್‌ಶಿಪ್‌ಗೆ ಪ್ರಯತ್ನಿಸಬಹುದು.

5. ಸ್ಕಾಲರ್‌ಶಿಪ್, ಕಾಗದಪತ್ರ

ಫೆಬ್ರುವರಿ, ಮಾರ್ಚ್ ಎರಡು ತಿಂಗಳು ಬಹಳ ಮುಖ್ಯ. ತೈವಾನ್ ಸ್ಕಾಲರ್‌ಶಿಪ್‌ಗೂ, ಗ್ಲೋಬಲ್ ಕೊರಿಯಾ ಸ್ಕಾಲರ್‌ಶಿಪ್‌ಗೂ ಸಾಮಾನ್ಯವಾಗಿ ಆಗಲೇ ಅರ್ಜಿ ಕರೆಯುತ್ತಾರೆ. ಕೊರಿಯಾದ ಸ್ಕಾಲರ್‌ಶಿಪ್‌ಗೆ ರಾಯಭಾರ ಕಚೇರಿ ಮೂಲಕ ಅಥವಾ ವಿಶ್ವವಿದ್ಯಾಲಯದ ಮೂಲಕ ಹೋಗಬಹುದು. ಅದರಲ್ಲಿ ಸಾಮಾನ್ಯವಾಗಿ ಮೊದಲ ಒಂದು ವರ್ಷ ಕೊರಿಯನ್ ಭಾಷೆಯ ಕಲಿಕೆ, ಆಮೇಲೆ ಎರಡು ವರ್ಷ ಮಾಸ್ಟರ್ಸ್. ಒಟ್ಟು ಮೂರು ವರ್ಷ ಎಂದು ಮನೆಯವರಿಗೆ ಮೊದಲೇ ಹೇಳಿಡಿ.

ವಿಟಿಯು ವಿದ್ಯಾರ್ಥಿಗಳು ಟ್ರಾನ್ಸ್‌ಕ್ರಿಪ್ಟ್‌ಗೆ (ಎಲ್ಲ ಸೆಮಿಸ್ಟರ್‌ಗಳ ಅಂಕಗಳ ಅಧಿಕೃತ ದಾಖಲೆ) ದೀಪಾವಳಿಗೆ ಮೊದಲೇ ಅರ್ಜಿ ಹಾಕಿ. ಕೊರಿಯಾಕ್ಕೆ ವಿದೇಶಾಂಗ ಸಚಿವಾಲಯದ ಅಪೋಸ್ಟಿಲ್ (ಅಂತರರಾಷ್ಟ್ರೀಯ ಒಪ್ಪಂದದಂತೆ ದಾಖಲೆಗೆ ಕೊಡುವ ದೃಢೀಕರಣ) ನಡೆಯುತ್ತದೆ. ತೈವಾನ್ ಆ ಒಪ್ಪಂದದಲ್ಲಿ ಇಲ್ಲ. ಅದಕ್ಕೆ ಭಾರತದಲ್ಲಿರುವ ತೈಪೆ ಆರ್ಥಿಕ ಮತ್ತು ಸಾಂಸ್ಕೃತಿಕ ಕೇಂದ್ರದಿಂದ ದೃಢೀಕರಣ ಬೇಕು. ಶಿಫಾರಸು ಪತ್ರವನ್ನು ನಿಮ್ಮ ಕೆಲಸ ಕಣ್ಣಾರೆ ಕಂಡ ಅಧ್ಯಾಪಕರಿಂದಲೇ ಬರೆಸಿ. ಪ್ರಾಂಶುಪಾಲರ ಸಹಿಗಿಂತ ಅದಕ್ಕೆ ಬೆಲೆ ಜಾಸ್ತಿ.

6. ಹೋದ ಮೇಲೆ

ಮೊದಲು ಸುರಕ್ಷತೆಯ ತರಬೇತಿ. ಇದನ್ನು ಸುಮ್ನೆ ಮುಗಿಸಬೇಕಾದ ಶಾಸ್ತ್ರ ಅಂದುಕೊಳ್ಳಬೇಡಿ. ಸಿಲಿಕಾನ್ ಪದರ ಹಾಕಲು ಬಳಸುವ ಸಿಲೇನ್ ಅನಿಲ ಗಾಳಿ ತಗುಲಿದರೆ ತಾನೇ ಹೊತ್ತಿಕೊಳ್ಳುತ್ತದೆ. ಗಾಜು, ಆಕ್ಸೈಡ್ ಕೊರೆಯುವ ಹೈಡ್ರೋಫ್ಲೋರಿಕ್ ಆಮ್ಲ ಚರ್ಮದ ಮೂಲಕ ಒಳಗಿಳಿದು ಮೂಳೆಯನ್ನೂ ಹಾಳುಮಾಡುತ್ತದೆ. ಗೊತ್ತಿಲ್ಲದಿದ್ದರೆ ಕೇಳಿ, ಕೇಳಲು ನಾಚಬೇಡಿ.

ಯಂತ್ರ ಬಳಸಲು ಪರವಾನಗಿ ಒಂದೊಂದಕ್ಕೇ ಪಡೆಯಬೇಕು. ಮೊದಲ ಸೆಮಿಸ್ಟರ್‌ನಲ್ಲೇ ಲಿಥೊಗ್ರಫಿ (ಬೆಳಕಿನಿಂದ ವಿನ್ಯಾಸ ಮೂಡಿಸುವುದು), ಸ್ಪಟರಿಂಗ್ (ತೆಳು ಪದರ ಕೂರಿಸುವುದು), ಎಚ್ಚಿಂಗ್ (ಬೇಡದ ಭಾಗ ಕೊರೆದು ತೆಗೆಯುವುದು) ಮೂರನ್ನೂ ಪಡೆದುಕೊಳ್ಳಿ. ಎಷ್ಟು ತಾಪ, ಎಷ್ಟು ಒತ್ತಡ, ಎಷ್ಟು ಸೆಕೆಂಡ್ ಎಂದು ಪ್ರತಿ ಸಲ ನೋಟ್‌ಬುಕ್‌ನಲ್ಲಿ ಬರೆಯಿರಿ. ಪಾಠ ಇಂಗ್ಲಿಷ್‌ನಲ್ಲಿ ನಡೆದರೂ ಯಂತ್ರದ ಟೆಕ್ನಿಷಿಯನ್ ಮಾತಾಡುವುದು ಚೀನಿ ಅಥವಾ ಕೊರಿಯನ್. ಅವರ ಜೊತೆ ನಾಲ್ಕು ಮಾತಾಡಲು ಬಂದರೆ ಕೈಪಿಡಿಯಲ್ಲಿ ಇಲ್ಲದ್ದನ್ನೂ ಹೇಳಿಕೊಡುತ್ತಾರೆ.

ಪದವಿ ಮುಗಿದ ಮೇಲೆ ಎರಡೂ ದೇಶಗಳಲ್ಲಿ ಉಳಿದು ಕೆಲಸ ಹುಡುಕಲು ಅವಕಾಶವಿದೆ. ಊರಿಗೆ ಬರುವುದಾದರೆ ಪ್ಯಾನೆಲ್ ಫ್ಯಾಬ್‌ಗಾಗಿ ಕಾಯಬೇಕಿಲ್ಲ. ಡಿಸ್‌ಪ್ಲೇ ಪದರಗಳನ್ನು ಹಾಕುವ ಯಂತ್ರ ತಯಾರಿಸುವ ಅಪ್ಲೈಡ್ ಮೆಟೀರಿಯಲ್ಸ್‌ನಂಥ ಕಂಪನಿಗಳು ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕೇಂದ್ರಗಳನ್ನು ನಡೆಸುತ್ತಿವೆ. ಅಲ್ಲಿನ ಸಂದರ್ಶನಕ್ಕೆ ಹೋಗುವಾಗ ಆ ನೋಟ್‌ಬುಕ್ ಒಮ್ಮೆ ತಿರುವಿಹಾಕಿ. ಯಾವ ಪದರ ಎಲ್ಲಿ ಕೆಟ್ಟಿತು, ಹೇಗೆ ಸರಿಮಾಡಿದಿರಿ ಎಂಬುದನ್ನೇ ಅವರು ಕೇಳುವುದು.